ಸ್ಕ್ಯಾನಿಂಗ್ ರಿಪೋರ್ಟ್ ಗಾಬರಿ ಹುಟ್ಟಿಸಿದೆಯೇ? ಇನ್ನೊಬ್ಬ ಡಾಕ್ಟರನ್ನು ಕೇಳುವುದು ಹೀಗೆ

ಐದನೇ ತಿಂಗಳ ಸ್ಕ್ಯಾನಿಂಗ್‌ಗೆ ಹೋಗುವಾಗ ಮಗುವನ್ನು ನೋಡುವ ಖುಷಿ ಇರುತ್ತದೆ. ಹೊರಗೆ ಬರುವಾಗ ಕೈಯಲ್ಲಿ ಇಂಗ್ಲಿಷ್‌ನ ಎರಡು ಹಾಳೆ, ಕೆಳಗೆ ದಪ್ಪ ಅಕ್ಷರದಲ್ಲಿ ಒಂದು ಸಾಲು, "ನಿಮ್ಮ ಡಾಕ್ಟರಿಗೆ ತೋರಿಸಿ" ಅನ್ನೋ ಮಾತು. ಬಸ್‌ಸ್ಟ್ಯಾಂಡ್ ತಲುಪುವಷ್ಟರಲ್ಲಿ ಆ ಸಾಲನ್ನು ಗೂಗಲ್‌ಗೆ ಹಾಕಿ ನೋಡಿರುತ್ತೀರಿ, ಮನೆ ಸೇರುವಷ್ಟರಲ್ಲಿ ಅರ್ಧ ಜೀವ ಹೋಗಿರುತ್ತದೆ. ಮರುದಿನ ಯಾರೋ ಹೇಳಿದರು ಅಂತ ಇನ್ನೊಂದು ಸ್ಕ್ಯಾನಿಂಗ್ ಸೆಂಟರ್‌ಗೆ ಓಡಿ, ಮೊದಲ ರಿಪೋರ್ಟ್ ಬ್ಯಾಗಿನಲ್ಲೇ ಮುಚ್ಚಿಟ್ಟು, "ಇವರೇನು ಹೇಳ್ತಾರೆ ನೋಡೋಣ" ಅಂತ ಮತ್ತೆ ಮಲಗುವುದು.

ಇದಕ್ಕೆ ಸೆಕೆಂಡ್ ಒಪಿನಿಯನ್ ಅನ್ನಲಾಗದು. ಮೊದಲನೆಯವರಿಗೆ ಏನು ಕಂಡಿತು ಅಂತ ಸರಿಯಾಗಿ ತಿಳಿದುಕೊಂಡು, ಅದೇ ವಿಷಯದಲ್ಲಿ ಹೆಚ್ಚು ಪಳಗಿದವರ ಮುಂದೆ ಎಲ್ಲ ಕಾಗದ ಇಟ್ಟು, ವಾರಗಳು ಕೈಮೀರುವ ಮೊದಲು ಕೇಳಬೇಕು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದವರಿಗೆ ಬೆಂಗಳೂರು ಹತ್ತಿರ ಇರುವುದು ಅನುಕೂಲ ಹೌದು. ಆದರೆ ತಯಾರಿ ಇಲ್ಲದೆ ಹೋದರೆ ಬಸ್ ಚಾರ್ಜೂ ದಂಡ, ಒಂದು ದಿನವೂ ದಂಡ.

ಮೊದಲು ಆ ಸಾಲು ಏನು ಹೇಳುತ್ತಿದೆ ನೋಡಿ

ಗಾಬರಿ ಹುಟ್ಟಿಸುವ ಸಾಲುಗಳೆಲ್ಲ ಒಂದೇ ತರಹದವಲ್ಲ.

ಒಂದು, ಸರಿಯಾಗಿ ಕಾಣಲಿಲ್ಲ ಅನ್ನುವುದು. "ನಾಟ್ ವೆಲ್ ವಿಶುವಲೈಸ್ಡ್" ಅಂತ ಬರೆದಿರುತ್ತಾರೆ. ಮಗು ಬೆನ್ನು ತಿರುಗಿಸಿ ಮಲಗಿದ್ದರೆ ಮುಖವೋ ಹೃದಯವೋ ಕಾಣುವುದಿಲ್ಲ. ತೊಂದರೆ ಇದೆ ಅನ್ನುವುದಕ್ಕೂ ಕಾಣಲಿಲ್ಲ ಅನ್ನುವುದಕ್ಕೂ ಬಹಳ ವ್ಯತ್ಯಾಸ ಇದೆ. ಕೆಲವು ದಿನ ಬಿಟ್ಟು, ಇಲ್ಲವೇ ಅಲ್ಲೇ ಒಂದು ಗಂಟೆ ಓಡಾಡಿ ಬಂದು ಮತ್ತೆ ನೋಡಿಸಿದರೆ ಎಷ್ಟೋ ಸಲ ಮುಗಿದುಹೋಗುವ ವಿಷಯ ಇದು.

ಎರಡು, ಸಾಫ್ಟ್ ಮಾರ್ಕರ್, ಅಂದರೆ ತಾನೇ ದೋಷ ಅಲ್ಲದ, ಬರೀ ಸುಳಿವಿನಂಥ ಗುರುತು. ಜನ ಜಾಸ್ತಿ ಹೆದರುವುದು ಇಲ್ಲೇ. ಹೃದಯದಲ್ಲಿ ಬಿಳಿ ಚುಕ್ಕೆ, ಅಂದರೆ ಎಕೋಜೆನಿಕ್ ಫೋಕಸ್. ಮಿದುಳಿನಲ್ಲಿ ಸಣ್ಣ ನೀರ್ಗುಳ್ಳೆ, ಅಂದರೆ ಕೊರಾಯ್ಡ್ ಪ್ಲೆಕ್ಸಸ್ ಸಿಸ್ಟ್. ಇವು ಪೂರ್ತಿ ಆರೋಗ್ಯವಾಗಿರುವ ಮಕ್ಕಳಲ್ಲೂ ಕಾಣುತ್ತವೆ. ಬೇರೇನೂ ಕಾಣದೆ ಇದೊಂದೇ ಇದ್ದು, ಮೊದಲು ಮಾಡಿಸಿದ ರಕ್ತಪರೀಕ್ಷೆಯೂ ಚೆನ್ನಾಗಿದ್ದರೆ ಸಾಮಾನ್ಯವಾಗಿ ಮುಂದೆ ಏನೂ ಮಾಡಬೇಕಾಗಿ ಬರುವುದಿಲ್ಲ. ಆ ಗುಳ್ಳೆಗಳಂತೂ ಹೆಚ್ಚಿನವು ಏಳನೇ ತಿಂಗಳ ಹೊತ್ತಿಗೆ ತಾವೇ ಮಾಯವಾಗುತ್ತವೆ. ಹಾಗಂತ ಎಲ್ಲ ಮಾರ್ಕರ್‌ಗಳೂ ಹಗುರ ಅಲ್ಲ. ಕತ್ತಿನ ಹಿಂದಿನ ಚರ್ಮ 6 ಮಿ.ಮೀ. ಅಥವಾ ಜಾಸ್ತಿ ದಪ್ಪ ಇದೆ, ಮೂಗಿನ ಮೂಳೆ ಕಾಣುತ್ತಿಲ್ಲ ಅಂತ ಇದ್ದರೆ ಡಾಕ್ಟರುಗಳು ಅದನ್ನು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ.

ಮೂರು, ಅಂಗದಲ್ಲೇ ತೊಂದರೆ ಇರುವ ಅನುಮಾನ. ಹೃದಯದ ರಚನೆ, ಬೆನ್ನುಹುರಿ, ಕಿಡ್ನಿ, ಸೀಳುತುಟಿ, ಪಾದ ತಿರುಚಿರುವುದು, ಮಿದುಳಿನಲ್ಲಿ ನೀರು. ಸೆಕೆಂಡ್ ಒಪಿನಿಯನ್ ನಿಜವಾಗಿ ಬೇಕಾಗಿರುವುದು ಇದಕ್ಕೆ. ಇಲ್ಲೂ ಅಂಕಿ ಕೇಳಿ. ಮಿದುಳಿನ ವೆಂಟ್ರಿಕಲ್, ಅಂದರೆ ಒಳಗೆ ನೀರು ತುಂಬಿರುವ ಕುಳಿ, 10 ಮಿ.ಮೀ.ಗಿಂತ ಕಡಿಮೆ ಇದ್ದರೆ ಸರಿ ಅಂತ ಲೆಕ್ಕ, 15 ದಾಟಿದರೆ ತೀವ್ರ. 10.2 ಅಂತ ಬಂದವರಿಗೂ 17 ಅಂತ ಬಂದವರಿಗೂ ರಿಪೋರ್ಟ್‌ನಲ್ಲಿ ಒಂದೇ ಹೆಸರು ಬರೆದಿರಬಹುದು. ಗೂಗಲ್ ಇಬ್ಬರಿಗೂ ಒಂದೇ ಕಥೆ ಹೇಳುತ್ತದೆ. ಇಬ್ಬರ ಪರಿಸ್ಥಿತಿ ಮಾತ್ರ ಒಂದೇ ಅಲ್ಲ.

ಇನ್ನು ಮಾಸು ಕೆಳಗಿದೆ ಅನ್ನುವುದು. ಐದನೇ ತಿಂಗಳಲ್ಲಿ ಇದು ತುಂಬ ಜನರಿಗೆ ಇರುತ್ತದೆ, ಗರ್ಭಕೋಶ ಬೆಳೆದ ಹಾಗೆ ಹೆಚ್ಚಿನವರಲ್ಲಿ ಮೇಲೆ ಸರಿಯುತ್ತದೆ. 32 ವಾರದ ಸುಮಾರಿಗೆ ಮತ್ತೆ ಸ್ಕ್ಯಾನ್ ಮಾಡಿ ನೋಡುತ್ತಾರೆ. ಆದರೆ ಮೊದಲ ಹೆರಿಗೆ ಸಿಸೇರಿಯನ್ ಆಗಿದ್ದರೆ ಮಾಸು ಹಳೇ ಹೊಲಿಗೆಯ ಮೇಲೆ ಕೂತಿದೆಯಾ ಅಂತ ಕೇಳಲು ಮರೆಯಬೇಡಿ.

"ಮಗುವಿನ ಬೆಳವಣಿಗೆ ಎರಡು ವಾರ ಕಡಿಮೆ" ಅಂತ ಬಂದಿದ್ದರೆ ಮೊದಲು ದಿನ ಲೆಕ್ಕ ನೋಡಿ. ಮುಟ್ಟು ಸರಿಯಾಗಿ ಆಗದವರಲ್ಲಿ ಕೊನೆಯ ಮುಟ್ಟಿನ ದಿನ ಹಿಡಿದು ಲೆಕ್ಕ ಹಾಕಿದರೆ ತಪ್ಪುತ್ತದೆ. ಮೊದಲ ಮೂರು ತಿಂಗಳಲ್ಲಿ ಮಾಡಿಸಿದ ಸ್ಕ್ಯಾನ್‌ನಲ್ಲಿ ಬಂದ ವಾರಗಳೇ ಹೆಚ್ಚು ನಂಬಿಕೆಯವು. ಆ ಹಳೇ ರಿಪೋರ್ಟ್ ಒಂದರಿಂದಲೇ ಗಾಬರಿ ಇಳಿದುಬಿಡಬಹುದು.

ಡಬಲ್ ಮಾರ್ಕರ್ ರಕ್ತಪರೀಕ್ಷೆಯಲ್ಲಿ "ಹೈ ರಿಸ್ಕ್ 1:200" ಅಂತ ಬಂದರೂ ಹೀಗೇ. ಅದರ ಅರ್ಥ ಇಂಥ 200 ಬಸುರಿಯರಲ್ಲಿ ಒಬ್ಬರ ಮಗುವಿಗೆ ಡೌನ್ ಸಿಂಡ್ರೋಮ್‌ನಂಥ ಕ್ರೋಮೊಸೋಮ್ ತೊಂದರೆ ಇರಬಹುದು, 199 ಜನರಿಗೆ ಇಲ್ಲ. ಮುಂದಿನ ಪರೀಕ್ಷೆ ಬೇಕು ಅನ್ನುವ ಸೂಚನೆ ಅದು. ರೋಗ ಇದೆ ಅಂತ ತೀರ್ಪು ಕೊಟ್ಟ ಹಾಗಲ್ಲ.

ಸ್ಕ್ಯಾನ್ ಮಾಡಿದ ಡಾಕ್ಟರನ್ನೇ ಕೇಳಿಬಿಡಿ: "ಡಾಕ್ಟ್ರೇ, ಇದು ಖಚಿತವಾ ಅನುಮಾನವಾ? ಇದೊಂದೇ ಇದೆಯಾ, ಬೇರೆ ಏನಾದರೂ ಕಂಡಿತಾ? ನಾವು ಯಾರನ್ನು ನೋಡಬೇಕು, ಎಷ್ಟು ದಿನದೊಳಗೆ?" ಬಾಗೇಪಲ್ಲಿ, ಪಾವಗಡ, ಶ್ರೀನಿವಾಸಪುರದ ಕಡೆ ಮನೆಯಲ್ಲಿ ತೆಲುಗು ಆಡುವವರು ತೆಲುಗಿನಲ್ಲೇ ಹೇಳಿ ಅಂತ ಕೇಳಬಹುದು, ಈ ಭಾಗದ ಡಾಕ್ಟರುಗಳಲ್ಲಿ ಬಹಳ ಜನಕ್ಕೆ ಬರುತ್ತದೆ. ಅರ್ಥ ಆಗದೆ ತಲೆ ಆಡಿಸಿ ಬರಬೇಡಿ.

ವಾರ ಎಣಿಸಿ

ತಿಂಗಳ ಲೆಕ್ಕ ಬಿಡಿ, ವಾರದ ಲೆಕ್ಕ ಹಿಡಿಯಿರಿ. ಮಗುವಿನ ಕತ್ತಿನ ಹಿಂದಿನ ನೀರಿನ ಪದರ ಅಳೆಯುವ ಎನ್‌ಟಿ ಸ್ಕ್ಯಾನ್‌ನ ಸಮಯ 11ರಿಂದ 14 ವಾರದೊಳಗೆ. ಅಂಗಾಂಗ ಎಲ್ಲ ನೋಡುವ ಅನಾಮಲಿ ಸ್ಕ್ಯಾನ್ 18ರಿಂದ 20 ವಾರದ ಸುಮಾರಿಗೆ, ತಡವಾದರೆ 22. ಕಾನೂನು ಕೂಡ ವಾರದ ಮೇಲೇ ನಿಂತಿದೆ. 2021ರ ತಿದ್ದುಪಡಿಯ ಪ್ರಕಾರ ಗರ್ಭಪಾತಕ್ಕೆ 20 ವಾರದವರೆಗೆ ಒಬ್ಬ ಡಾಕ್ಟರ ಅಭಿಪ್ರಾಯ ಸಾಕು. 20ರಿಂದ 24 ವಾರಕ್ಕೆ ಇಬ್ಬರು ಬೇಕು, ಅದೂ ಕಾನೂನು ಹೇಳಿದ ಕಾರಣಗಳಿಗೆ ಮಾತ್ರ. ಮಗುವಿನಲ್ಲಿ ಗಂಭೀರ ದೋಷ ಇರುವುದು ಅಂಥ ಕಾರಣಗಳಲ್ಲಿ ಒಂದು. 24 ದಾಟಿದರೆ ಮೆಡಿಕಲ್ ಬೋರ್ಡ್ ಒಪ್ಪಬೇಕು, ಬೋರ್ಡ್ ಮೂರು ದಿನದೊಳಗೆ ಅಭಿಪ್ರಾಯ ಕೊಡಬೇಕು ಅಂತ ನಿಯಮ ಇದೆ. ವಯಸ್ಕ ಹೆಂಗಸಾದರೆ ಕಾನೂನು ಕೇಳುವುದು ಅವಳ ಒಪ್ಪಿಗೆಯನ್ನು ಮಾತ್ರ. ಗಂಡನ ಸಹಿ, ಅತ್ತೆಯ ಅಪ್ಪಣೆ ಅದರಲ್ಲಿಲ್ಲ.

ಇದನ್ನು ಹೇಳುತ್ತಿರುವುದು ಯಾರನ್ನೋ ಆ ಕಡೆ ತಳ್ಳಲು ಅಲ್ಲ. 21ನೇ ವಾರದಲ್ಲಿ ರಿಪೋರ್ಟ್ ಬಂದು, ಆಷಾಢ ಕಳೆಯಲಿ, ಊರ ಜಾತ್ರೆ ಮುಗಿಯಲಿ ಅಂತ ಮೂರು ವಾರ ಕೂತರೆ ನಿಮ್ಮ ಮುಂದಿದ್ದ ದಾರಿಗಳು ನಿಮಗೆ ಗೊತ್ತಾಗುವ ಮೊದಲೇ ಮುಚ್ಚಿರುತ್ತವೆ.

ಸೆಕೆಂಡ್ ಒಪಿನಿಯನ್ ಅಂತ ಒಂದು ಗಂಟೆಯೂ ಕಾಯಬಾರದ ಸಂದರ್ಭಗಳೂ ಇವೆ. ರಕ್ತಸ್ರಾವ, ನೀರು ಹೋಗುವುದು, ಮಗುವಿನ ಓಡಾಟ ಕಡಿಮೆಯಾಗಿರುವುದು, ಜೋರು ತಲೆನೋವಿನ ಜೊತೆ ಕಣ್ಣು ಮಂಜಾಗುವುದು, ಏಳೆಂಟನೇ ತಿಂಗಳಲ್ಲಿ ಡಾಪ್ಲರ್ ಸ್ಕ್ಯಾನ್‌ನಲ್ಲಿ ಮಗುವಿಗೆ ರಕ್ತದ ಹರಿವು ಕಡಿಮೆ ಅಂತ ಬರುವುದು. ಇವಕ್ಕೆ ಅವತ್ತೇ ಆಸ್ಪತ್ರೆ, ಬೇಕಾದರೆ 108.

ಕಾಗದ ಜೋಡಿಸಿ

ನಮ್ಮ ಕಡೆ ಫೈಲ್ ಯಾವಾಗಲೂ ಎರಡು ಮನೆಯಲ್ಲಿರುತ್ತದೆ. ಮೊದಲ ತಿಂಗಳುಗಳದ್ದು ಗಂಡನ ಮನೆ ಶಿರಾದಲ್ಲಿ, ಆಮೇಲಿನದು ತವರು ಚಿಂತಾಮಣಿಯಲ್ಲಿ. ಎಲ್ಲ ಒಂದು ಕಡೆ ತನ್ನಿ: ತಾಯಿ ಕಾರ್ಡ್, ಮೊದಲ ಸ್ಕ್ಯಾನ್‌ನಿಂದ ಹಿಡಿದು ಎಲ್ಲ ರಿಪೋರ್ಟ್ ಮತ್ತು ಚಿತ್ರಗಳು, ರಕ್ತಪರೀಕ್ಷೆ, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳು, ಸಕ್ಕರೆ ಕಾಯಿಲೆ ಅಥವಾ ಫಿಟ್ಸ್‌ಗೆ ಮೊದಲಿಂದ ಔಷಧ ಇದ್ದರೆ ಅದರ ಚೀಟಿ. ಹಿಂದಿನ ಗರ್ಭ ಹೋಗಿದ್ದರೆ, ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗಿದ್ದರೆ ಅದನ್ನೂ ಹೇಳಿ. ಮುಚ್ಚಿಡುವ ವಿಷಯ ಅಲ್ಲ, ಡಾಕ್ಟರು ಯಾವ ಪರೀಕ್ಷೆ ಬರೆಯಬೇಕು ಅನ್ನುವುದು ಇದರಿಂದ ಬದಲಾಗಬಹುದು.

ಸ್ಕ್ಯಾನ್ ಚಿತ್ರಗಳನ್ನು ಸಿಡಿಗೋ ಪೆನ್‌ಡ್ರೈವ್‌ಗೋ ಹಾಕಿಕೊಡಿ ಅಂತ ಕೇಳಿ. ಆ ನುಣುಪು ಕಾಗದದ ಕಪ್ಪು ಪ್ರಿಂಟ್ ಬಿಸಿ ತಾಗಿದರೆ ಹಾಳಾಗುತ್ತದೆ. ಕೆಲವರು ಜೋಪಾನ ಮಾಡಲು ಹೋಗಿ ಲ್ಯಾಮಿನೇಷನ್ ಮಾಡಿಸುತ್ತಾರೆ, ಪೂರ್ತಿ ಕಪ್ಪಾಗಿ ಬರುತ್ತದೆ! ಫೋನ್‌ನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ, ಸಾಕು.

ಎರಡನೇ ಸಲ ಸ್ಕ್ಯಾನ್ ಮಾಡಿಸುವುದು ಕಾನೂನಿಗೆ ವಿರುದ್ಧ ಅಂತ ಕೆಲವರು ಹೆದರುತ್ತಾರೆ. ಹಾಗೇನಿಲ್ಲ. 1994ರ ಕಾನೂನು ತಡೆಯುವುದು ಲಿಂಗ ಪತ್ತೆಯನ್ನು. ಅದಕ್ಕೇ ಪ್ರತಿ ಸಲ ಗುರುತಿನ ಚೀಟಿ ಕೇಳಿ ಫಾರ್ಮ್ ಎಫ್ ತುಂಬಿಸುತ್ತಾರೆ. ನಿಮ್ಮ ಡಾಕ್ಟರಿಂದ ಕಾರಣ ಬರೆದ ಒಂದು ರೆಫರಲ್ ಚೀಟಿ ಇದ್ದರೆ ಎಲ್ಲ ಸಲೀಸು. ಹೆಣ್ಣೋ ಗಂಡೋ ಅಂತ ತಮಾಷೆಗೂ ಕೇಳಬೇಡಿ. ಇನ್ನೊಂದು ಭಯ, ಜಾಸ್ತಿ ಸ್ಕ್ಯಾನ್ ಮಾಡಿದರೆ ಮಗುವಿಗೆ ಕೆಟ್ಟದ್ದು ಅನ್ನುವುದು. ಇದು ಎಕ್ಸ್‌ರೇ ತರಹ ಅಲ್ಲ, ಶಬ್ದದ ಅಲೆ. ಕಾರಣ ಇದ್ದಾಗ ಮಾಡಿಸಲು ಹಿಂಜರಿಯಬೇಡಿ.

ಯಾರ ಹತ್ತಿರ ಹೋಗಬೇಕು

ಪಕ್ಕದ ರಸ್ತೆಯ ಇನ್ನೊಂದು ಸೆಂಟರ್‌ಗಲ್ಲ. ಫೀಟಲ್ ಮೆಡಿಸಿನ್ ಅಂತ ಬೇರೆಯೇ ವಿಭಾಗ ಇದೆ, ಹೊಟ್ಟೆಯಲ್ಲಿರುವ ಮಗುವೇ ಅವರ ರೋಗಿ. ನಿಮ್ಮ ಡಾಕ್ಟರನ್ನು "ಮೇಡಂ, ಫೀಟಲ್ ಮೆಡಿಸಿನ್‌ನವರಿಗೆ ಬರೆದುಕೊಡಿ" ಅಂತ ನೇರವಾಗಿ ಕೇಳಿ. ಬೇಜಾರು ಮಾಡಿಕೊಳ್ಳುತ್ತಾರೆ ಅನ್ನುವ ಸಂಕೋಚ ಬೇಡ. ಒಳ್ಳೆಯ ಡಾಕ್ಟರು ತಾವೇ ಕಳಿಸುತ್ತಾರೆ. ಕೋಪ ಮಾಡಿಕೊಂಡರೆ, ಇನ್ನೊಬ್ಬರನ್ನು ನೋಡಲು ಅದೇ ಒಂದು ಕಾರಣ ಅಂತ ನಾನಂತೂ ಹೇಳುತ್ತೇನೆ.

ಊರಲ್ಲೇ ಶುರು ಮಾಡಬಹುದು. ಜಿಲ್ಲಾ ಆಸ್ಪತ್ರೆಗಳಿವೆ, ಕೋಲಾರದಲ್ಲಿ ಅದು ಎಸ್‌ಎನ್‌ಆರ್. ಟಮಕದ ಜಾಲಪ್ಪ ಆಸ್ಪತ್ರೆ, ತುಮಕೂರು ಅಗಳಕೋಟೆಯ ಸಿದ್ಧಾರ್ಥದಂಥ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಹೆರಿಗೆ, ಸ್ಕ್ಯಾನಿಂಗ್, ಮಕ್ಕಳ ವಿಭಾಗ ಮೂರೂ ಒಂದೇ ಆವರಣದಲ್ಲಿ ಸಿಗುತ್ತವೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರತಿ ತಿಂಗಳ 9ನೇ ತಾರೀಕು ಬಸುರಿಯರಿಗೆ ತಜ್ಞರಿಂದ ಉಚಿತ ತಪಾಸಣೆ ಇದೆ, ನಿಮ್ಮೂರಿನ ಆಶಾ ಕಾರ್ಯಕರ್ತೆಗೆ ಎಲ್ಲಿ ಅಂತ ಗೊತ್ತಿರುತ್ತದೆ. ಹಣದ ಅಡಚಣೆ ಇದ್ದರೆ ಜಿಲ್ಲಾ ಆಸ್ಪತ್ರೆಯ ರೆಫರಲ್ ತೆಗೆದುಕೊಂಡೇ ಮುಂದೆ ಹೋಗಿ, ಆಯುಷ್ಮಾನ್ ಕಾರ್ಡ್ ಜೊತೆಗಿರಲಿ.

ಬೆಂಗಳೂರಿನಲ್ಲಿ ಸರ್ಕಾರಿ ಹೆರಿಗೆ ಆಸ್ಪತ್ರೆ ಅಂದರೆ ವಾಣಿ ವಿಲಾಸ. ಹೃದಯದ ಪ್ರಶ್ನೆಗೆ ಜಯದೇವದಲ್ಲಿ ಮಕ್ಕಳ ಹೃದ್ರೋಗ ವಿಭಾಗ ಇದೆ, ಹುಟ್ಟಿದ ಮೇಲೆ ಆಪರೇಷನ್ ಬೇಕಾಗಬಹುದು ಅನ್ನುವಂಥವಕ್ಕೆ ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆ. ತುಮಕೂರಿನ ಬಸ್‌ನಲ್ಲಿ ಬರುವವರು ಮಾದಾವರದಲ್ಲಿ ಇಳಿದು ಹಸಿರು ಮೆಟ್ರೊ ಹತ್ತಿದರೆ ಕೆ.ಆರ್. ಮಾರ್ಕೆಟ್‌ವರೆಗೆ ಎಲ್ಲೂ ಬದಲಾಯಿಸಬೇಕಿಲ್ಲ, ವಾಣಿ ವಿಲಾಸ ಅಲ್ಲೇ ಹತ್ತಿರ. ಕೋಲಾರದವರು ಕೆ.ಆರ್. ಪುರದಲ್ಲಿ ನೇರಳೆ ಮೆಟ್ರೊ ಹಿಡಿದು ಮೆಜೆಸ್ಟಿಕ್‌ನಲ್ಲಿ ಬದಲಾಯಿಸಬೇಕು. ಬಸುರಿ ಹೆಂಗಸನ್ನು ಆ ಟ್ರಾಫಿಕ್‌ನಲ್ಲಿ ಆಟೊದಲ್ಲಿ ಕುಲುಕಾಡಿಸುವುದಕ್ಕಿಂತ ಇದು ವಾಸಿ.

ಅಲ್ಲಿ ಏನು ಮಾಡಬೇಕು

ಮೊದಲ ರಿಪೋರ್ಟ್ ಮುಚ್ಚಿಡಬೇಡಿ. ಪರೀಕ್ಷೆ ಮಾಡಲು ಹೋಗಿರುವುದು ಮಗುವನ್ನು, ಡಾಕ್ಟರನ್ನಲ್ಲ. ಎಲ್ಲಿ ಅನುಮಾನ ಅಂತ ಗೊತ್ತಿದ್ದರೆ ಆ ಜಾಗವನ್ನು ಅವರು ಹೆಚ್ಚು ಹೊತ್ತು, ಬೇರೆ ಬೇರೆ ಕೋನದಿಂದ ನೋಡುತ್ತಾರೆ. ಜೊತೆಗೆ ಒಬ್ಬರು ಸಾಕು, ಗಾಬರಿ ಆಗದೆ ಬರೆದುಕೊಳ್ಳುವವರು. ಐದು ಜನ ಒಟ್ಟಿಗೆ ಒಳನುಗ್ಗಿ ಎಲ್ಲರೂ ಒಂದೊಂದು ಕೇಳಿದರೆ ಮಲಗಿರುವವಳ ಪ್ರಶ್ನೆಯೇ ಉಳಿದುಹೋಗುತ್ತದೆ.

ಮುಂದಿನ ಪರೀಕ್ಷೆ ಹೇಳಿದರೆ ಅದು ಯಾವ ಪ್ರಶ್ನೆಗೆ ಉತ್ತರ ಕೊಡುತ್ತದೆ ಅಂತ ಕೇಳಿ. ಎನ್‌ಐಪಿಟಿ ಅಂದರೆ ಮಗುವಿನ ಕ್ರೋಮೊಸೋಮ್ ತೊಂದರೆಯ ಸುಳಿವು ಹುಡುಕಲು ತಾಯಿಯ ರಕ್ತದಿಂದ ಮಾಡುವುದು, 10 ವಾರದಿಂದ ಆಗುತ್ತದೆ. ದುಬಾರಿ, ಮತ್ತು ಅದೂ ಸ್ಕ್ರೀನಿಂಗೇ, ಅಂದರೆ ಅಪಾಯ ಎಷ್ಟು ಅಂತ ಅಂದಾಜು ಹೇಳುವುದು. ಪಾಸಿಟಿವ್ ಬಂದರೆ ಅದರ ಮೇಲೇ ತೀರ್ಮಾನ ಮಾಡುವ ಹಾಗಿಲ್ಲ. ಖಚಿತವಾಗಿ ಹೇಳುವುದು ಆಮ್ನಿಯೊಸೆಂಟೆಸಿಸ್, ಅಂದರೆ 15 ವಾರದ ನಂತರ ಸ್ಕ್ಯಾನ್ ನೋಡುತ್ತಾ ಸೂಜಿಯಿಂದ ಗರ್ಭದ ನೀರು ತೆಗೆದು ಕ್ರೋಮೊಸೋಮ್ ಪರೀಕ್ಷಿಸುವುದು. ಗರ್ಭ ಹೋಗುವ ಅಪಾಯ ಇದೆ, ಆದರೆ ನೂರಕ್ಕೆ ಒಂದಕ್ಕಿಂತ ಕಡಿಮೆ. ಕೆಲವು ಫಲಿತಾಂಶ ಕೆಲವೇ ದಿನದಲ್ಲಿ, ಪೂರ್ತಿಯದು ಎರಡು ಮೂರು ವಾರದಲ್ಲಿ ಬರುತ್ತದೆ. ವಾರ ಎಣಿಸಿ ಅಂದಿದ್ದು ಇದಕ್ಕೇ. ಹೃದಯಕ್ಕೆ ಫೀಟಲ್ ಎಕೊ, ಅಂದರೆ ಮಗುವಿನ ಹೃದಯದ್ದೇ ವಿಶೇಷ ಸ್ಕ್ಯಾನ್, ಮಿದುಳಿಗೆ ಕೆಲವು ಸಲ ಎಂಆರ್‌ಐ.

ಮಗು ಹುಟ್ಟಿದ ಮೇಲೆ ಏನು ಚಿಕಿತ್ಸೆ ಅಂತ ಮಕ್ಕಳ ಡಾಕ್ಟರನ್ನೂ ಕೇಳಿ. ಸೀಳುತುಟಿಗೆ ಮೊದಲ ವರ್ಷದಲ್ಲೇ ಆಪರೇಷನ್ ಆಗುತ್ತದೆ. ತಿರುಚಿದ ಪಾದಕ್ಕೆ ಹುಟ್ಟಿದ ಕೆಲ ವಾರಗಳಲ್ಲೇ ಪಟ್ಟಿ ಹಾಕಿ ಸರಿ ಮಾಡುತ್ತಾರೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಇವು ಉಚಿತವಾಗಿ ಸಿಗುತ್ತವೆ. ಗ್ರಹಣ ನೋಡಿದ್ದಕ್ಕೆ ಹೀಗಾಯಿತು ಅಂತ ಹೆಂಗಸಿನ ಮೇಲೆ ಗೂಬೆ ಕೂರಿಸುವವರಿಗೆ ಇದನ್ನೂ ಓದಿ ಹೇಳಿ.

ಇಬ್ಬರು ಎರಡು ಮಾತು ಹೇಳಿದರೆ

ಸಮಾಧಾನ ಆಗುವ ಮಾತನ್ನೇ ನಂಬಿಬಿಡುವುದು ಸುಲಭ. ಅದು ಬೇಡ. ಮೊದಲು ಎರಡೂ ಸ್ಕ್ಯಾನ್ ಯಾವ ವಾರದವು ನೋಡಿ. 19ರಲ್ಲಿ ಕಾಣದ್ದು 22ರಲ್ಲಿ ಕಾಣಬಹುದು. ಆಮೇಲೆ ಎರಡನೆಯವರನ್ನು "ಮೊದಲನೆಯವರು ಹೇಳಿದ್ದನ್ನು ನೀವು ಯಾಕೆ ಒಪ್ಪುತ್ತಿಲ್ಲ, ಬರೆದುಕೊಡಿ" ಅಂತ ಕೇಳಿ, ಸಾಧ್ಯವಾದರೆ ಇಬ್ಬರೂ ಫೋನ್‌ನಲ್ಲಿ ಮಾತಾಡಲಿ. ಭಿನ್ನಾಭಿಪ್ರಾಯದಿಂದ ನೀವು ಮಾಡಬೇಕಾದದ್ದು ಏನೂ ಬದಲಾಗದಿದ್ದರೆ ಮೂರನೆಯವರ ಬಾಗಿಲು ಬೇಕಿಲ್ಲ. ಗರ್ಭ ಮುಂದುವರಿಸುವುದೋ ಬೇಡವೋ ಅನ್ನುವಷ್ಟು ದೊಡ್ಡದಾದರೆ ಖಂಡಿತ ಬೇಕು.

ತೀರ್ಮಾನ ಏನೇ ಆದರೂ ಹೆರಿಗೆ ಎಲ್ಲಿ ಅನ್ನುವುದನ್ನು ಈಗಲೇ ಗೊತ್ತು ಮಾಡಿಕೊಳ್ಳಿ. ಮಗುವಿನ ಹೃದಯದಲ್ಲಿ ತೊಂದರೆ ಇದೆ ಅಂತಾದರೆ ಸಂಪ್ರದಾಯ ಅಂತ ತವರಿನ ತಾಲ್ಲೂಕು ಆಸ್ಪತ್ರೆಗೆ ಹೋಗಿ, ಹುಟ್ಟಿದ ಕೂಸನ್ನು ರಾತ್ರೋರಾತ್ರಿ ಆಂಬುಲೆನ್ಸ್‌ನಲ್ಲಿ ಬೆಂಗಳೂರಿಗೆ ಸಾಗಿಸುವುದಕ್ಕಿಂತ, ಎನ್‌ಐಸಿಯು (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಇರುವ ಕಡೆ ಮೊದಲೇ ಹೆಸರು ಬರೆಸುವುದು ಒಳ್ಳೆಯದು. ಆ ಆಸ್ಪತ್ರೆಯ ಹೆಸರು, ಎರಡನೇ ಡಾಕ್ಟರು ಹೇಳಿದ್ದು, ಮುಂದಿನ ಸ್ಕ್ಯಾನ್ ದಿನಾಂಕ, ಮೂರನ್ನೂ ತಾಯಿ ಕಾರ್ಡ್‌ನಲ್ಲಿ ಬರೆಸಿ, ಆಶಾ ಅಕ್ಕನಿಗೂ ಒಂದು ಮಾತು ಹೇಳಿಡಿ.