ಗಡಿನಾಡಿನ ಚಳಿಗಾಲ: ಮನೆ ಬೆಚ್ಚಗಿಡುವ ಖರ್ಚನ್ನು ಇಳಿಸುವ ಬಗೆ

ತಮಿಳುನಾಡಿನ ಗಡಿಯಲ್ಲಿರುವ ಕನ್ನಡಿಗರ ಮನೆಗಳಲ್ಲಿ ಚಳಿಗಾಲದ ಖರ್ಚು ಎಲ್ಲ ಕಡೆ ಒಂದೇ ಬಗೆಯದಲ್ಲ. ಹೊಸೂರು, ತಳಿ, ಡೆಂಕಣಿಕೋಟೆ, ತಾಳವಾಡಿಗಳಲ್ಲಿ ಧನುರ್ಮಾಸದ ಬೆಳಗಿನ ಚಳಿ ಮೈ ನಡುಗಿಸುವಷ್ಟಿದ್ದರೂ ಹತ್ತು ಗಂಟೆಯ ಹೊತ್ತಿಗೆ ಬಿಸಿಲೇರುವುದರಿಂದ ಕೋಣೆಯನ್ನು ಕಾಯಿಸುವ ಹೀಟರಿನ ಅಗತ್ಯ ಬಹುಮಟ್ಟಿಗೆ ಬೀಳುವುದಿಲ್ಲ. ಅಲ್ಲಿ ದುಡ್ಡು ಹೋಗುವುದು ಸ್ನಾನದ ನೀರಿಗೆ. ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿರುವ ಊಟಿಯಲ್ಲಿ ಮತ್ತು ಅದರ ಸುತ್ತಲಿನ ಹಟ್ಟಿಗಳಲ್ಲಿ, ಡಿಸೆಂಬರ್ ಜನವರಿಯ ರಾತ್ರಿಗಳಲ್ಲಿ ಹುಲ್ಲಿನ ಮೇಲಿನ ಇಬ್ಬನಿಯೇ ಹೆಪ್ಪುಗಟ್ಟುವುದುಂಟು. ಅಲ್ಲಿ ನೀರಿನ ಖರ್ಚಿನ ಜೊತೆಗೆ ಕೋಣೆಯ ಖರ್ಚೂ ಸೇರುತ್ತದೆ. ನಿಮ್ಮ ಮನೆ ಈ ಎರಡರಲ್ಲಿ ಯಾವ ಬಗೆಯದು ಎಂಬುದನ್ನು ಮೊದಲು ನಿರ್ಧರಿಸಿಕೊಳ್ಳದೆ ಅಂಗಡಿಗೆ ಹೋಗಿ ಹೀಟರ್ ಕೊಂಡು ತಂದರೆ, ಖರ್ಚು ಇಳಿಸುವ ಮಾತು ಅಲ್ಲಿಗೇ ಮುಗಿಯಿತು.

ಸ್ನಾನದ ನೀರು

ಒಂದು ಬಕೆಟ್ ನೀರಿಗೆ ಎಷ್ಟು ಕರೆಂಟು ಬೇಕೆಂಬ ಲೆಕ್ಕ ಸುಲಭವಾಗಿದೆ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಮಾಡಲು ಸುಮಾರು 4.19 ಕಿಲೊಜೂಲ್ ಶಕ್ತಿ ಬೇಕು. ಒಂದು ಯೂನಿಟ್ ಕರೆಂಟು ಎಂದರೆ 3,600 ಕಿಲೊಜೂಲ್. ಬೆಳಗಿನ ಜಾವ ಟ್ಯಾಂಕಿನ ನೀರು 18 ಡಿಗ್ರಿಯಲ್ಲಿದೆ, ಮೈಗೆ ಹಿತವಾಗುವ ಬಿಸಿ 42 ಡಿಗ್ರಿ ಎಂದಿಟ್ಟುಕೊಂಡರೆ, 20 ಲೀಟರಿನ ಬಕೆಟ್ಟಿಗೆ ಸುಮಾರು 0.56 ಯೂನಿಟ್ ತಗಲುತ್ತದೆ. ನಾಲ್ಕು ಜನರ ಮನೆಯಲ್ಲಿ ತಲೆಗೊಂದು ಬಕೆಟ್ಟಿನಂತೆ ಎರಡು ತಿಂಗಳಿಗೆ ಇದು 134 ಯೂನಿಟ್ ಆಗುತ್ತದೆ. ಅದೇ ಟ್ಯಾಂಕಿನ ನೀರು ಮಧ್ಯಾಹ್ನದ ಬಿಸಿಲುಂಡು ಮೂರು ಗಂಟೆಯ ಹೊತ್ತಿಗೆ 26 ಡಿಗ್ರಿಗೆ ಏರಿದ್ದರೆ, ಬಕೆಟ್ಟಿಗೆ 0.37 ಯೂನಿಟ್ ಸಾಕು. ಹೀಗಾಗಿ ಸಂಜೆ ಸ್ನಾನಕ್ಕೆ ಒಗ್ಗಿಕೊಂಡ ಮನೆಯವರು ಒಂದು ಕಾಸೂ ಖರ್ಚಿಲ್ಲದೆ ಮೂರರಲ್ಲಿ ಒಂದು ಪಾಲನ್ನು ಉಳಿಸುತ್ತಾರೆ. ಧನುರ್ಮಾಸದ ಪೂಜೆಗೆ ನಸುಕಿನಲ್ಲೇ ಮೀಯಬೇಕಾದ ಹಿರಿಯರಿಗೆ ಈ ಮಾತು ಹೇಳಿ ಪ್ರಯೋಜನವಿಲ್ಲ; ಅವರಿಗೆ ಬೆಳಗಿನ ಬಿಸಿನೀರು ಇರಲಿ, ಶಾಲೆಯಿಂದ ಬರುವ ಮಕ್ಕಳು ಮತ್ತು ಕೆಲಸದಿಂದ ಬರುವವರು ಸಂಜೆಗೆ ಬದಲಾದರೂ ಸಾಕು. ಟ್ಯಾಂಕು ಕಪ್ಪು ಬಣ್ಣದ್ದಾಗಿ, ತೆಂಗಿನ ಮರದ ನೆರಳು ಬೀಳದ ಕಡೆ ಇದ್ದರೆ ಲಾಭ ಇನ್ನೂ ಹೆಚ್ಚು.

ಗೀಸರ್ ಇರುವ ಮನೆಗಳಲ್ಲಿ ಅದನ್ನು ರಾತ್ರಿಯಿಡೀ ಹಾಕಿಡುವ ಅಭ್ಯಾಸವನ್ನು ಮೊದಲು ಬಿಡಬೇಕು. ತೊಟ್ಟಿಯ ಒಳಗಿನ ಬಿಸಿ ಗೋಡೆಯ ಮೂಲಕ ಸದಾ ಸೋರುತ್ತಿರುತ್ತದೆ, ಸೋರಿದ್ದನ್ನು ತುಂಬಲು ಗೀಸರ್ ಮತ್ತೆ ಮತ್ತೆ ಉರಿಯುತ್ತದೆ. ಗೀಸರಿನ ಮೇಲಿನ ನಕ್ಷತ್ರದ ಗುರುತು ಅಳೆಯುವುದು ಈ ಸೋರಿಕೆಯನ್ನೇ. 2,000 ವಾಟ್‌ನ 15 ಲೀಟರ್ ಗೀಸರ್ 18 ಡಿಗ್ರಿಯ ನೀರನ್ನು 60 ಡಿಗ್ರಿಗೆ ತರಲು ಇಪ್ಪತ್ತೆರಡು ನಿಮಿಷ ಸಾಕಾಗುವುದರಿಂದ, ಸ್ನಾನಕ್ಕೆ ಅರ್ಧ ಗಂಟೆ ಮುಂಚೆ ಹಾಕಿ, ಸ್ನಾನಕ್ಕೆ ಇಳಿಯುವಾಗ ಆರಿಸಿದರೆ ತೀರಿತು. ಮನೆಮಂದಿಯೆಲ್ಲ ಒಬ್ಬರ ಹಿಂದೊಬ್ಬರು ಸ್ನಾನ ಮುಗಿಸುವುದು ಇನ್ನೂ ಒಳ್ಳೆಯದು. ಬಕೆಟ್ಟಿಗೆ ಇಳಿಬಿಡುವ ರಾಡು ಅಗ್ಗವೇನೋ ಹೌದು, ಕರೆಂಟಿನ ಲೆಕ್ಕದಲ್ಲೂ ಅದು ಗೀಸರಿಗಿಂತ ಕೀಳಲ್ಲ. ಆದರೆ ರಾಡನ್ನು ಲೋಹದ ಬಕೆಟ್ಟಿಗೆ ಹಾಕುವುದು, ಬಿಸಿಯಾಗಿದೆಯೇ ಎಂದು ಸ್ವಿಚ್ ಆರಿಸದೆ ಕೈ ಅದ್ದಿ ನೋಡುವುದು ಜೀವಕ್ಕೆ ಕುತ್ತು. ಮಕ್ಕಳಿರುವ ಮನೆಗೆ ರಾಡು ಬೇಡವೆಂದೇ ನನ್ನ ಅಭಿಪ್ರಾಯ.

ಹೊಸೂರು ಕಡೆ ಕೊಳವೆಬಾವಿಯ ಗಡಸು ನೀರನ್ನು ಬಳಸುವ ಮನೆಗಳಲ್ಲಿ ಗೀಸರಿನ ಕಾಯಿಲ್ ಮೇಲೆ ಬಿಳಿಯ ಸುಣ್ಣದಂಥ ಪದರ ಕಟ್ಟುತ್ತದೆ. ಇದರಿಂದ ಕರೆಂಟು ವಿಪರೀತ ಹೆಚ್ಚುತ್ತದೆಂಬ ನಂಬಿಕೆ ಪೂರ್ತಿ ಸರಿಯಲ್ಲ, ಏಕೆಂದರೆ ನೀರಿನಲ್ಲೇ ಮುಳುಗಿರುವ ಕಾಯಿಲ್‌ನ ಶಾಖ ಹೇಗೂ ನೀರಿಗೇ ಸೇರಬೇಕು. ನಿಜವಾದ ನಷ್ಟವೆಂದರೆ ಕಾಯಿಲ್ ತನ್ನ ಬಿಸಿಗೆ ತಾನೇ ಸುಟ್ಟುಹೋಗುವುದು. ಚಳಿಗಾಲಕ್ಕೆ ಮುಂಚೆ ಒಮ್ಮೆ ಬಿಚ್ಚಿಸಿ ಪದರ ತೆಗೆಸಿದರೆ ಹೊಸ ಕಾಯಿಲ್ ಕೊಳ್ಳುವ ದುಡ್ಡು ಉಳಿಯುತ್ತದೆ. ಸೋಲಾರ್ ಹೀಟರಿನಲ್ಲಿ ಮಾತ್ರ ಈ ಪದರ ನಿಜವಾಗಿಯೂ ಬಿಸಿಯನ್ನು ತಡೆಯುತ್ತದೆ. ಆದ್ದರಿಂದ ಗಡಸು ನೀರಿನ ಊರುಗಳಲ್ಲಿ ತಾಮ್ರದ ಸಣ್ಣ ಕೊಳವೆಗಳಿರುವ ಚಪ್ಪಟೆ ಹಲಗೆಯ ಬಗೆಗಿಂತ ಗಾಜಿನ ಕೊಳವೆಗಳ ಬಗೆ ಹೆಚ್ಚು ಕಾಲ ತಾಳುತ್ತದೆ.

ಮೂರು ನಾಲ್ಕು ಜನರ ಮನೆಗೆ ದಿನಕ್ಕೆ 100 ಲೀಟರ್ ಕೊಡುವ ಸೋಲಾರ್ ಸಾಕು. ಅದನ್ನು ದಕ್ಷಿಣಕ್ಕೆ ಮುಖ ಮಾಡಿ ಕೂರಿಸಬೇಕು, ಏಕೆಂದರೆ ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿ, ಹೊಸೂರಿನಲ್ಲಿ ನಡು ಮಧ್ಯಾಹ್ನವೂ ನೆತ್ತಿಗೆ ಬಾರದೆ ಸುಮಾರು 54 ಡಿಗ್ರಿ ಎತ್ತರದಲ್ಲೇ ದಾಟಿಹೋಗುತ್ತಾನೆ. ಹಲಗೆಯನ್ನು ಬೇಸಿಗೆಯ ಲೆಕ್ಕಕ್ಕಿಂತ ತುಸು ಹೆಚ್ಚು ಎತ್ತಿ ಕಟ್ಟಿಸಿದರೆ ಚಳಿಗಾಲದಲ್ಲಿ ಬಿಸಿ ಚೆನ್ನಾಗಿ ಸಿಗುತ್ತದೆ. ಟ್ಯಾಂಕಿನಿಂದ ಬಚ್ಚಲಿಗೆ ಬರುವ ಕೊಳವೆ ಉದ್ದವಾಗಿದ್ದಷ್ಟೂ ನಲ್ಲಿ ತಿರುಗಿಸಿದಾಗ ಮೊದಲು ತಣ್ಣೀರೇ ಬರುತ್ತದೆ, ಆದ್ದರಿಂದ ಕೊಳವೆಗೆ ಸ್ಪಂಜಿನ ಹೊದಿಕೆ ಸುತ್ತಿಸಿ, ಆ ಮೊದಲ ತಣ್ಣೀರನ್ನು ಪಾತ್ರೆ ತೊಳೆಯಲು ಹಿಡಿದಿಡಬೇಕು. ಸೋಲಾರಿನ ಜೊತೆ ಬರುವ ಕರೆಂಟಿನ ಕಾಯಿಲ್ ಬಗ್ಗೆ ಎಚ್ಚರವಿರಲಿ: ಮೋಡದ ದಿನವೆಂದು ಅದನ್ನು ಹಾಕಿ ಮರೆತರೆ, ನಿಮಗೆ ಬೇಕಿರುವುದು ಎರಡೇ ಬಕೆಟ್ ಆಗಿದ್ದರೂ ಅದು 100 ಲೀಟರನ್ನೂ ಕಾಯಿಸುತ್ತದೆ, ಆ ಒಂದು ರಾತ್ರಿಗೆ ಸುಮಾರು ಮೂರು ಯೂನಿಟ್ ಹೋಗುತ್ತದೆ.

ಹಂಡೆ ಒಲೆ

ತಾಳವಾಡಿ ಮತ್ತು ಡೆಂಕಣಿಕೋಟೆ ಕಡೆಯ ತೋಟದ ಮನೆಗಳಲ್ಲಿ ಬಚ್ಚಲಿನ ಹಂಡೆ ಇನ್ನೂ ಕೆಲಸ ನಿಲ್ಲಿಸಿಲ್ಲ, ಸೌದೆ ಹೊಲದಲ್ಲೇ ಸಿಗುವವರಿಗೆ ಅದನ್ನು ಬಿಡಬೇಕಾದ ಕಾರಣವೂ ಇಲ್ಲ. ಹಿಪ್ಪುನೇರಳೆ ಬೆಳೆಯುವವರ ಮನೆಯ ಹಿಂದೆ ಹುಳು ಸೊಪ್ಪು ತಿಂದು ಬಿಟ್ಟ ಕಡ್ಡಿಗಳ ರಾಶಿಯೇ ಇರುತ್ತದೆ. ಒಣಗಿದ ಆ ಕಡ್ಡಿ, ತೆಂಗಿನ ಗರಿ, ಮಟ್ಟೆ ಇಷ್ಟಿದ್ದರೆ ಬಚ್ಚಲಿಗೆ ಬೇರೆ ಸೌದೆ ಬೇಡ. ಸೌದೆ ಹಸಿಯಾಗಿರಬಾರದು ಎಂಬುದೊಂದೇ ಮುಖ್ಯ ನಿಯಮ. ಆಗತಾನೆ ಕಡಿದ ಮರದ ತೂಕದಲ್ಲಿ ಸರಿಸುಮಾರು ಅರ್ಧ ನೀರೇ ಇರುತ್ತದೆ, ಒಲೆಯ ಬೆಂಕಿ ಆ ನೀರನ್ನು ಆವಿಮಾಡಿದ ಮೇಲಷ್ಟೇ ಹಂಡೆಗೆ ಬಿಸಿ ಕೊಡುತ್ತದೆ. ಬಚ್ಚಲು ತುಂಬ ಹೊಗೆ, ಹಂಡೆಯಲ್ಲಿ ಮಾತ್ರ ಉಗುರುಬೆಚ್ಚಗಿನ ನೀರು ಎಂದರೆ ಇದೇ ಕಾರಣ. ಮಳೆಗಾಲ ಮುಗಿಯುವ ಮೊದಲೇ ಸೌದೆಯನ್ನು ಸೀಳಿ, ನೆಲದಿಂದ ಗೇಣೆತ್ತರಕ್ಕೆ ಕಲ್ಲಿಟ್ಟು ಅದರ ಮೇಲೆ ಸೂರಿನಡಿ ಪೇರಿಸಿಟ್ಟರೆ ಧನುರ್ಮಾಸಕ್ಕೆ ಚೆನ್ನಾಗಿ ಒಣಗಿರುತ್ತದೆ.

ಒಲೆಯ ಒಳಗೆ ಬೂದಿ ತುಂಬಿಕೊಂಡಿದ್ದರೆ ಅಡಿಯಿಂದ ಗಾಳಿ ಆಡದೆ ಸೌದೆ ಹೊಗೆಯಾಡುತ್ತದೆ. ಬೆಂಕಿ ಹಾಕುವ ಮುಂಚೆ ಬೂದಿಯನ್ನು ಬಳಿದು ತೆಗೆದು, ಒಂದು ಕಬ್ಬಿಣದ ಜಾಲರಿಯ ಮೇಲೆ ಸೌದೆ ಇಟ್ಟರೆ ಉರಿ ತಾನಾಗಿಯೇ ಹಿಡಿಯುತ್ತದೆ. ಹಂಡೆಯ ಬಾಯಿಗೆ ಮುಚ್ಚಳವಿಲ್ಲದ ಮನೆಗಳು ಈಗಲೂ ಬಹಳ, ಬಿಸಿಯ ಒಂದು ಪಾಲು ಹಬೆಯಾಗಿ ಸೂರಿಗೆ ಹೋಗುವುದು ಅಲ್ಲಿಂದಲೇ. ಉರಿ ಆರಿದ ಮೇಲೂ ಕೆಂಡದ ಮೇಲೆ ಹಂಡೆ ತುಂಬ ನೀರು ಬಿಟ್ಟು ಮುಚ್ಚಿದರೆ, ತಡವಾಗಿ ಏಳುವವರಿಗೂ ಅಷ್ಟಿಷ್ಟು ಬೆಚ್ಚನೆಯ ನೀರು ಸಿಗುತ್ತದೆ. ತಾಳವಾಡಿಯ ಸುತ್ತಲಿನ ಕಾಡು ಸತ್ಯಮಂಗಲ ಹುಲಿ ರಕ್ಷಿತಾರಣ್ಯಕ್ಕೆ ಸೇರಿರುವುದರಿಂದ ಅಲ್ಲಿಂದ ಸೌದೆ ಹೊರುವ ಯೋಚನೆಯನ್ನು ಬಿಡುವುದು ಲೇಸು. ಆನೆಯ ಭಯವೂ ಇದೆ, ಕಾನೂನಿನ ಭಯವೂ ಇದೆ.

ಕೋಣೆಯ ಬೆಚ್ಚಗೆ

ಕೋಣೆಯನ್ನು ಹಗಲಿನ ಬಿಸಿಲಿನಿಂದಲೇ ತುಂಬಿಸಿ, ಆ ಬಿಸಿ ಹೊರಗೆ ಹೋಗದಂತೆ ಸಂಜೆ ಮುಚ್ಚಿಡುವುದು ಎಲ್ಲಕ್ಕಿಂತ ಅಗ್ಗದ ಉಪಾಯ. ದಕ್ಷಿಣದ ಕಿಟಕಿಗಳ ಪರದೆಯನ್ನು ಹತ್ತರಿಂದ ಮೂರರ ವರೆಗೆ ಪೂರ್ತಿ ಸರಿಸಿ, ಸೂರ್ಯ ಇಳಿಯುವುದಕ್ಕೆ ಮೊದಲೇ, ಎಂದರೆ ಐದು ಗಂಟೆಯ ಸುಮಾರಿಗೆ, ಕಿಟಕಿ ಬಾಗಿಲುಗಳನ್ನು ಹಾಕಿಬಿಡಬೇಕು. ಕತ್ತಲಾದ ಮೇಲೆ ಹಾಕಿದರೆ ಬಿಸಿ ಆಗಲೇ ಹೊರಟುಹೋಗಿರುತ್ತದೆ. ಪರದೆ ದಪ್ಪ ಬಟ್ಟೆಯದಾಗಿ ನೆಲ ಮುಟ್ಟುವಂತಿರಲಿ. ಮುಂಬಾಗಿಲಿನ ಅಡಿಯ ಸಂದಿಗೆ ಮರಳು ತುಂಬಿದ ಉದ್ದನೆಯ ಬಟ್ಟೆಚೀಲವನ್ನು ಒತ್ತಿಟ್ಟರೆ ಕಾಲಿಗೆ ಕೊರೆಯುವ ಗಾಳಿ ನಿಲ್ಲುತ್ತದೆ.

ಕಲ್ಲುಚಪ್ಪಡಿಯ ಮತ್ತು ಆರ್‌ಸಿಸಿ ಚಾವಣಿಯ ಮನೆಗಳಲ್ಲಿ ಬಿಸಿ ರಾತ್ರಿ ಮೇಲಕ್ಕೇ ಹೋಗುತ್ತದೆ, ತಿಳಿ ಆಕಾಶದ ರಾತ್ರಿಗಳಲ್ಲಿ ಹೆಚ್ಚು ಚಳಿ ಎನಿಸುವುದು ಇದರಿಂದ. ತಗಡಿನ ಮನೆಗಳ ಪಾಡು ಇನ್ನೂ ಕಷ್ಟದ್ದು, ಬೆಳಗಾಗುವ ಹೊತ್ತಿಗೆ ತಗಡಿನ ಒಳಮೈಯಿಂದ ನೀರಿನ ಹನಿ ಹಾಸಿಗೆಗೆ ತೊಟ್ಟಿಕ್ಕುತ್ತದೆ. ಅಂಥಲ್ಲಿ ಬಿದಿರಿನ ತಟ್ಟಿಯನ್ನೋ ಹಲಗೆಯನ್ನೋ ತಗಡಿಗಿಂತ ಒಂದು ಅಡಿ ಕೆಳಗೆ ಅಟ್ಟದಂತೆ ಕಟ್ಟಿಸಿದರೆ, ನಡುವೆ ನಿಂತ ಗಾಳಿಯೇ ಚಳಿಗಾಲದಲ್ಲಿ ಹೊದಿಕೆಯಾಗುತ್ತದೆ, ಬೇಸಿಗೆಯಲ್ಲಿ ನೆರಳಾಗುತ್ತದೆ. ಥರ್ಮಾಕೋಲ್ ಅಗ್ಗವೆಂದು ಬರಿದಾಗಿ ಅಂಟಿಸಬೇಡಿ, ಬೆಂಕಿ ತಗಲಿದರೆ ಅದು ಕ್ಷಣದಲ್ಲಿ ಹೊತ್ತಿಕೊಳ್ಳುತ್ತದೆ. ಬೇಸಿಗೆಯ ತಂಪಿಗೆಂದು ತಾರಸಿಗೆ ಬಿಳಿ ಬಳಿಸಿದವರು ಚಳಿಗಾಲಕ್ಕೆ ಅದು ತೊಂದರೆಯೇ ಎಂದು ಕೇಳುವುದುಂಟು. ಹೊಸೂರಿನಂಥ ಊರಿನಲ್ಲಿ ಬೇಸಿಗೆಯ ಲಾಭವೇ ದೊಡ್ಡದು, ಊಟಿಯಲ್ಲಿ ಮಾತ್ರ ಬಿಳಿ ಬಳಿಸುವುದರಲ್ಲಿ ಅರ್ಥವಿಲ್ಲ.

ಊಟಿ, ಕೂನೂರು ಕಡೆ ಹೀಟರ್ ಕೊಳ್ಳಲೇಬೇಕಾದವರು ಒಂದು ಮಾತನ್ನು ನೆನಪಿಡಬೇಕು: ಅಂಗಡಿಯವನು ಎಣ್ಣೆ ತುಂಬಿದ್ದೆನ್ನಲಿ, ಫ್ಯಾನಿನದೆನ್ನಲಿ, ಕೆಂಪಗೆ ಉರಿಯುವ ಕೊಳವೆಯದೆನ್ನಲಿ, ಒಂದು ಯೂನಿಟ್ ಕರೆಂಟಿನಿಂದ ಅವೆಲ್ಲ ಕೊಡುವ ಶಾಖ ಒಂದೇ. ಬೇರೆಯಾಗುವುದು ಬಳಕೆ. ಅರ್ಧ ಗಂಟೆ ಕೂತು ಓದುವವರಿಗೆ ನೇರವಾಗಿ ಮೈಗೆ ಶಾಖ ಬೀರುವ ಕೆಂಪು ಕೊಳವೆಯದು ಸಾಕು. ಬಾಗಿಲು ಹಾಕಿದ ಕೋಣೆಯಲ್ಲಿ ಬಹಳ ಹೊತ್ತು ಬೇಕಾದರೆ, ತಾನಾಗಿ ಆರಿ ಹತ್ತಿಕೊಳ್ಳುವ ಎಣ್ಣೆಯದು ಹಿತ. ಈ ನಿಯಮಕ್ಕೆ ಹೊರತಾದದ್ದು ಒಂದೇ, ಚಳಿಗಾಲದಲ್ಲಿ ಬಿಸಿ ಗಾಳಿಯನ್ನೂ ಕೊಡುವ ಎಸಿ. ಅದು ಹೊರಗಿನ ಗಾಳಿಯ ಶಾಖವನ್ನೇ ಒಳಗೆ ಎಳೆದು ತರುವುದರಿಂದ ಅಷ್ಟೇ ಕರೆಂಟಿಗೆ ಸುಮಾರು ಮೂರು ಪಟ್ಟು ಬಿಸಿ ಕೊಡಬಲ್ಲದು.

ಇಡೀ ಕೋಣೆಯನ್ನು ಕಾಯಿಸುವುದಕ್ಕಿಂತ ಮೈಯನ್ನು ಕಾಯುವುದು ಎಷ್ಟು ಅಗ್ಗವೆಂಬುದಕ್ಕೆ ಈ ಲೆಕ್ಕ ನೋಡಿ. 2,000 ವಾಟ್‌ನ ಹೀಟರ್ ಮೂರು ಗಂಟೆ ಉರಿದರೆ ಆರು ಯೂನಿಟ್. ಹಾಸಿಗೆಯೊಳಗೆ ಇಟ್ಟುಕೊಳ್ಳುವ ರಬ್ಬರ್ ಚೀಲಕ್ಕೆ ಎರಡು ಲೀಟರ್ ನೀರನ್ನು 60 ಡಿಗ್ರಿಗೆ ಕಾಯಿಸಲು ಯೂನಿಟ್ಟಿನ ಹತ್ತನೇ ಒಂದು ಪಾಲು ಸಾಕು. ಆರು ಯೂನಿಟ್ಟಿನಲ್ಲಿ ಅಂಥ ಅರವತ್ತು ಚೀಲ ತುಂಬಿಸಬಹುದು. ಕಲ್ಲಿನ ನೆಲಕ್ಕೆ ಜಮಖಾನ ಹಾಸಿ, ಹಾಸಿಗೆಯ ಮೇಲೆ ಹೊದೆಯಲು ಒಂದು ಕಂಬಳಿ ಇದ್ದರೆ ಸಾಕೆಂದುಕೊಳ್ಳದೆ ಮೈಯ ಕೆಳಗೂ ಒಂದನ್ನು ಹಾಸಿಕೊಂಡರೆ, ನೆಲಕ್ಕೆ ಇಳಿದು ಹೋಗುವ ಬಿಸಿ ನಿಲ್ಲುತ್ತದೆ. ವಯಸ್ಸಾದವರಿಗೆ ಮತ್ತು ಕೂಸುಗಳಿಗೆ ಮಾತ್ರ ಖರ್ಚಿನ ಯೋಚನೆ ಮಾಡದೆ ಕೋಣೆಯನ್ನೇ ಬೆಚ್ಚಗಿಡಬೇಕು.

ಖರ್ಚು ಉಳಿಸುವ ಭರದಲ್ಲಿ ಮುಚ್ಚಿದ ಕೋಣೆಯೊಳಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟು ಮಲಗುವುದನ್ನು ಯಾರೂ ಎಂದಿಗೂ ಮಾಡಬಾರದು. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಹೊಗೆ ಕಾಣದಿದ್ದರೂ ಅದು ಇರುತ್ತದೆ. ನಿದ್ದೆಯಲ್ಲಿರುವವರಿಗೆ ಎಚ್ಚರವೇ ಆಗುವುದಿಲ್ಲ. ಗ್ಯಾಸ್ ಗೀಸರನ್ನು ಬಚ್ಚಲಿನ ಒಳಗೆ ಕೂರಿಸುವುದೂ ಇಷ್ಟೇ ಅಪಾಯದ್ದು, ಅದು ಗೋಡೆಯ ಹೊರಗಿದ್ದು ಬಿಸಿನೀರಿನ ಕೊಳವೆಯಷ್ಟೇ ಒಳಗೆ ಬರಬೇಕು. ಗ್ಯಾಸ್ ಒಲೆ ಇರುವ ಅಡುಗೆಮನೆಯ ಮೇಲಿನ ಗವಾಕ್ಷಿಯನ್ನೂ ಚಳಿಯೆಂದು ಮುಚ್ಚಬಾರದು.

ಈಬಿ (ವಿದ್ಯುತ್ ಮಂಡಳಿ) ಬಿಲ್ಲು

ತಮಿಳುನಾಡಿನಲ್ಲಿ ಮನೆಗಳ ರೀಡಿಂಗ್ ಎರಡು ತಿಂಗಳಿಗೊಮ್ಮೆ ಆಗುವುದರಿಂದ ಚಳಿಗಾಲದ ಎರಡು ತಿಂಗಳು ಒಂದೇ ಬಿಲ್ಲಿಗೆ ಬೀಳುತ್ತವೆ, ಮತ್ತು ದರ ಮೆಟ್ಟಿಲುಮೆಟ್ಟಿಲಾಗಿ ಏರುತ್ತದೆ. 2022ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ದರಪಟ್ಟಿಯಲ್ಲಿ 500 ಯೂನಿಟ್ ಬಳಸಿದವರಿಗೆ 1,725 ರೂಪಾಯಿ ಆದರೆ, 501 ಬಳಸಿದವರಿಗೆ 1,958 ರೂಪಾಯಿ ಆಗುತ್ತಿತ್ತು. ಆ ಒಂದು ಯೂನಿಟ್ಟಿನಿಂದ 101ರಿಂದ 200ರ ವರೆಗಿನ ಅಗ್ಗದ ದರ ಕೈತಪ್ಪುತ್ತಿತ್ತು. ಆಮೇಲೆ ದರಗಳು ಬದಲಾಗಿರುವುದರಿಂದ ನಿಮ್ಮ ಲೆಕ್ಕಕ್ಕೆ ಈಗಿನ ಬಿಲ್ಲನ್ನೇ ಹಿಡಿಯಿರಿ. ದಿನಕ್ಕೆ ಆರು ಯೂನಿಟ್ಟಿನ ಹೀಟರ್ ಅರವತ್ತು ದಿನಕ್ಕೆ 360 ಯೂನಿಟ್ ಎಳೆಯುತ್ತದೆ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ, ಬಿಲ್ಲು ಒಮ್ಮೆಲೇ ಹಾರುವುದೇಕೆಂದು ತಿಳಿಯುತ್ತದೆ. ಹಿಂದಿನ ರೀಡಿಂಗ್ ಆದ ದಿನದ ಅಂಕಿಯನ್ನು ಈಬಿ ಕಾರ್ಡಿನಲ್ಲೇ ನೋಡಿಕೊಂಡು, ವಾರಕ್ಕೊಮ್ಮೆ ಮೀಟರ್ ಓದಿ ಕಳೆದರೆ ಎಲ್ಲಿದ್ದೀರೆಂಬುದು ಗೊತ್ತಾಗುತ್ತದೆ.

ಮೀಟರಿನ ಮೇಲೆ ಮಿಣುಕುವ ಕೆಂಪು ದೀಪವನ್ನೂ ಬಳಸಿಕೊಳ್ಳಿ. ಒಂದು ಯೂನಿಟ್ಟಿಗೆ ಅದು ಎಷ್ಟು ಸಲ ಮಿಣುಕುತ್ತದೆಂಬುದನ್ನು ಮೀಟರಿನ ಮುಖದ ಮೇಲೇ ಮುದ್ರಿಸಿರುತ್ತಾರೆ. ಅದು 3,200 ಎಂದಿದ್ದರೆ, ಮನೆಯ ಉಳಿದೆಲ್ಲವನ್ನೂ ಆರಿಸಿ 2,000 ವಾಟ್‌ನ ಗೀಸರನ್ನಷ್ಟೇ ಹಾಕಿದಾಗ ನಿಮಿಷಕ್ಕೆ 107ರ ಸುಮಾರು ಮಿಣುಕಬೇಕು. ಎಲ್ಲವನ್ನೂ ಆರಿಸಿ, ಫ್ರಿಜ್ಜಿನ ಪ್ಲಗ್ಗನ್ನೂ ತೆಗೆದ ಮೇಲೆ ದೀಪ ಮಿಣುಕುತ್ತಲೇ ಇದ್ದರೆ ಎಲ್ಲೋ ಕರೆಂಟು ಸೋರುತ್ತಿದೆ ಎಂದು ಅರ್ಥ. ಬಚ್ಚಲಿನ ಗೀಸರಿನ ವೈರಿನಿಂದಲೇ ಮೊದಲುಮಾಡಿ ಎಲೆಕ್ಟ್ರಿಷಿಯನ್ನರಿಂದ ಅದನ್ನು ನೋಡಿಸಬೇಕು.