ಇಡೀ ಟರ್ಕಿ ಯಾಕೆ? ಬೆನ್ನು ತೆಗೆಯಿರಿ, ಕಾಲು ಬೇರೆ ಮಾಡಿ

ನವೆಂಬರ್‌ನ ನಾಲ್ಕನೇ ಗುರುವಾರ ಅಮೆರಿಕದಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಊಟದ ಮೇಜಿನ ನಡುವೆ ಒಂದು ಇಡೀ ಟರ್ಕಿ ಕೋಳಿ ಕೂತಿರುತ್ತದೆ. ಹೊಂಬಣ್ಣದ ತೊಗಲು, ನೋಡೋಕೆ ಬಲು ಚೆಂದ. ಬಾಯಿಗಿಟ್ಟರೆ ಎದೆ ಮಾಂಸ ಹತ್ತಿ ಅಗಿದ ಹಾಗೆ. ಪಕ್ಕದಲ್ಲಿ ಅಷ್ಟೊಂದು ಗ್ರೇವಿ ಇಡೋದು ಇದನ್ನು ಮುಚ್ಚೋಕೇ ಅಂತ ನನಗೆ ಅನುಮಾನ.

ತಪ್ಪು ಅಡುಗೆ ಮಾಡಿದವರದ್ದಲ್ಲ, ಹಕ್ಕಿಯ ಮೈಕಟ್ಟಿನದು. ಎದೆಯಲ್ಲಿ ಕೊಬ್ಬು ಕಡಿಮೆ. ಬೇಗ ಬೇಯುತ್ತದೆ, ಸ್ವಲ್ಪ ಹೆಚ್ಚಾದರೂ ಒಣಗುತ್ತದೆ. ಕಾಲು, ತೊಡೆ ದಿನವಿಡೀ ದುಡಿದ ಮಾಂಸ. ಅದು ಮೆತ್ತಗಾಗಲು 80 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಹೋಗಬೇಕು. ಇಡಿಯಾಗಿ ಓವನ್ನಿಗಿಟ್ಟರೆ ಎದೆ ಮೇಲೆ ಬಿಸಿಗೆ ಒಡ್ಡಿಕೊಂಡು ಕೂರುತ್ತದೆ, ತೊಡೆ ಕೆಳಗೆ ಮರೆಯಲ್ಲಿರುತ್ತದೆ. ತೊಡೆ ಬೇಯುವ ಹೊತ್ತಿಗೆ ಎದೆ ಕೆಟ್ಟಿರುತ್ತದೆ. ನಮ್ಮೂರ ಕಡೆ ಕೋಳಿ ತಂದರೆ ಪೀಸ್ ಮಾಡಿಯೇ ಒಲೆಗೆ ಏರಿಸುತ್ತೇವೆ, ಅಲ್ವಾ? ಇಲ್ಲಿಯೂ ಅದೇ ಬುದ್ಧಿ ಸಾಕು.

ಶನಿವಾರವೇ ಶುರು ಮಾಡಿ

ಅಂಗಡಿಯ ಟರ್ಕಿ ಹೆಚ್ಚಾಗಿ ಕಲ್ಲಿನಂತೆ ಹೆಪ್ಪುಗಟ್ಟಿರುತ್ತದೆ. ಫ್ರಿಜ್‌ನಲ್ಲಿ ಕರಗಲು 2 ಕೆಜಿಗೆ ಒಂದು ದಿನ ಬೇಕು. 6 ಕೆಜಿಯ ಹಕ್ಕಿಯನ್ನು ಶನಿವಾರ ಫ್ರೀಜರ್‌ನಿಂದ ಕೆಳಗಿಳಿಸಿದರೆ ಮಂಗಳವಾರಕ್ಕೆ ತಯಾರು. ನನ್ನ ಮೊದಲ ವರ್ಷ ನಾನು ಬುಧವಾರ ರಾತ್ರಿ ಇಳಿಸಿದ್ದೆ. ಗುರುವಾರ ಬೆಳಿಗ್ಗೆ ಹೊಟ್ಟೆಯೊಳಗೆ ಕೈ ಹಾಕಿದರೆ ಮಂಜುಗಡ್ಡೆ! ಲಿವರ್, ಗಿಜರ್ಡ್ ತುಂಬಿದ ಪೊಟ್ಟಣ ಅಲ್ಲೇ ಅಂಟಿಕೊಂಡಿತ್ತು. ಅಂದು ನೆಂಟರಿಗೆ ಚಿತ್ರಾನ್ನವೇ ಗತಿಯಾಯಿತು. ನೀವೂ ಹೀಗೆ ಸಿಕ್ಕಿಬಿದ್ದರೆ ಕವರ್ ಸಮೇತ ತಣ್ಣೀರಿನಲ್ಲಿ ಮುಳುಗಿಸಿ, ಅರ್ಧ ಗಂಟೆಗೊಮ್ಮೆ ನೀರು ಬದಲಿಸಿ. ಅರ್ಧ ಕೆಜಿಗೆ ಅರ್ಧ ಗಂಟೆ ಹಿಡಿಯುತ್ತದೆ. ಸುಮ್ನೆ ಅಡುಗೆಕಟ್ಟೆಯ ಮೇಲೆ ಇಡಬೇಡಿ. ಒಳಗೆ ಕರಗುವಷ್ಟರಲ್ಲಿ ಹೊರಗೆ ಕೆಡುತ್ತದೆ.

ಇನ್ನೊಂದು, ನಮ್ಮವರಿಗೆ ಒಗ್ಗದ ಮಾತು. ಹಸಿ ಟರ್ಕಿಯನ್ನು ತೊಳೆಯಬೇಡಿ ಎನ್ನುತ್ತದೆ ಅಮೆರಿಕದ ಕೃಷಿ ಇಲಾಖೆ. ನೀರು ಸಿಡಿದು ಸಿಂಕಿನ ಸುತ್ತೆಲ್ಲ ರೋಗಾಣು ಹರಡುತ್ತದೆ. ಅರಿಶಿನ ಹಚ್ಚಿ ಮೂರು ಸಲ ತೊಳೆಯುವ ಚಾಳಿ ಬಿಡಲು ನನಗೂ ವರ್ಷಗಳೇ ಬೇಕಾದವು.

ಬೆನ್ನು ತೆಗೆದು ಚಪ್ಪಟೆ ಮಾಡುವುದು

ಇದಕ್ಕೆ ಸ್ಪ್ಯಾಚ್‌ಕಾಕ್ ಎನ್ನುತ್ತಾರೆ. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಒಳ್ಳೆಯ ದಾರಿ.

ಮಂಗಳವಾರ ರಾತ್ರಿ ಹಕ್ಕಿಯನ್ನು ಎದೆ ಕೆಳಗಾಗಿ ಮಲಗಿಸಿ. ಗಟ್ಟಿ ಕಿಚನ್ ಕತ್ತರಿ ತೆಗೆದುಕೊಂಡು ಬಾಲದ ಕಡೆಯಿಂದ ಬೆನ್ನೆಲುಬಿನ ಒಂದು ಪಕ್ಕ ಕತ್ತರಿಸುತ್ತಾ ಕುತ್ತಿಗೆವರೆಗೆ ಹೋಗಿ. ಪಕ್ಕೆಲುಬು ಸಿಕ್ಕಾಗ ಎರಡೂ ಕೈ ಬಲ ಬೇಕು. ಇನ್ನೊಂದು ಪಕ್ಕವೂ ಹಾಗೆಯೇ. ಬೆನ್ನೆಲುಬು ಕೈಗೆ ಬರುತ್ತದೆ. ಅದನ್ನು ಎಸೆಯಬೇಡಿ, ಕೆಲಸವಿದೆ. ಈಗ ಹಕ್ಕಿಯನ್ನು ತಿರುಗಿಸಿ ಎದೆಮೂಳೆಯ ಮೇಲೆ ಅಂಗೈ ಊರಿ, ಮೈಭಾರ ಹಾಕಿ ಒತ್ತಿ. ಲಟ್ ಅಂತ ಸದ್ದಾಗಬೇಕು. ಆಗ ಪುಸ್ತಕ ಬಿಡಿಸಿಟ್ಟ ಹಾಗೆ ಹರಡಿಕೊಳ್ಳುತ್ತದೆ.

ಮೈಗೆಲ್ಲ ಉಪ್ಪು ಸವರಿ. ದಪ್ಪ ಹರಳಿನ ಕೋಷರ್ ಉಪ್ಪಾದರೆ 2 ಕೆಜಿಗೆ ಒಂದು ಟೇಬಲ್ ಚಮಚ, ಪುಡಿ ಉಪ್ಪಾದರೆ ಅದರ ಅರ್ಧ. ಕವರಿನ ಮೇಲೆ ಉಪ್ಪುನೀರು ಸೇರಿಸಿದೆ ಎಂದು ಬರೆದಿದ್ದರೆ ಮತ್ತೆ ಉಪ್ಪು ಬೇಡ. ಮುಚ್ಚದೆ ಫ್ರಿಜ್‌ನ ಕೆಳಗಿನ ಹಲಗೆಯಲ್ಲಿಡಿ. ಉಪ್ಪು ಮೊದಲು ನೀರು ಎಳೆಯುತ್ತದೆ, ಆಮೇಲೆ ಅದೇ ನೀರಲ್ಲಿ ಕರಗಿ ಮಾಂಸದೊಳಕ್ಕೆ ಇಳಿಯುತ್ತದೆ. ತೊಗಲು ಒಣಗಿ ಗುರುವಾರ ಗರಿಗರಿಯಾಗುತ್ತದೆ.

ಗುರುವಾರ ಓವನ್ 220 ಡಿಗ್ರಿಗೆ ಕಾಯಲಿ, ಅಲ್ಲಿನ ಓವನ್‌ಗಳ ಲೆಕ್ಕದಲ್ಲಿ 425 ಫ್ಯಾರನ್‌ಹೀಟ್. ಟ್ರೇಯಲ್ಲಿ ಈರುಳ್ಳಿ, ಕ್ಯಾರೆಟ್ ಹರಡಿ, ಒಂದು ಲೋಟ ನೀರು ಹಾಕಿ, ಇಲ್ಲದಿದ್ದರೆ ತೊಟ್ಟಿಕ್ಕುವ ಕೊಬ್ಬು ಹೊಗೆ ಎಬ್ಬಿಸುತ್ತದೆ. ಮೇಲೆ ಜಾಲರಿ, ಜಾಲರಿಯ ಮೇಲೆ ಹಕ್ಕಿ, ತೊಗಲಿಗೆ ಬೆಣ್ಣೆ ಅಥವಾ ಎಣ್ಣೆ. ಇಡಿಯಾಗಿ ಇಟ್ಟರೆ ಮೂರು ಗಂಟೆ ದಾಟುವ ಹಕ್ಕಿ ಹೀಗೆ ಒಂದೂವರೆ ಗಂಟೆಯ ಆಸುಪಾಸಿನಲ್ಲಿ ಬೇಯುತ್ತದೆ. ಗಡಿಯಾರ ನಂಬಬೇಡಿ, ಥರ್ಮಾಮೀಟರ್ ನಂಬಿ. ಎದೆಯ ದಪ್ಪ ಭಾಗದಲ್ಲಿ ಮೂಳೆಗೆ ತಾಕದಂತೆ ಚುಚ್ಚಿದಾಗ 74 ಡಿಗ್ರಿ ತೋರಿಸಬೇಕು. ತೆಗೆದ ಮೇಲೆ ಅರ್ಧ ಗಂಟೆ ಮುಟ್ಟಬೇಡಿ. ಬಿಸಿಯಲ್ಲೇ ಕೊಯ್ದರೆ ರಸವೆಲ್ಲ ಹಲಗೆಯ ಪಾಲು.

ಕಾಲಿಗೆ ನಮ್ಮ ಮಸಾಲೆ

ನಾಲ್ಕೈದು ಜನರಿಗೆ ಇಡೀ ಹಕ್ಕಿ ಜಾಸ್ತಿಯೇ. ಕಾಲು, ತೊಡೆ ಬೇರೆಯಾಗಿಯೂ ಸಿಗುತ್ತವೆ, ಬೆಲೆಯೂ ಹಗುರ. ಅಲ್ಲಿ ಇದನ್ನು ವೈನ್, ಈರುಳ್ಳಿ ಜೊತೆ ನಿಧಾನಕ್ಕೆ ಬೇಯಿಸುತ್ತಾರೆ. ನಾನು ಮಂಡ್ಯದ ಕಡೆಯ ಬಾಡೂಟದ ಮಸಾಲೆಯನ್ನೇ ಹಾಕುತ್ತೇನೆ. ದಪ್ಪ ತಳದ ಪಾತ್ರೆಯಲ್ಲಿ ಕಾಲುಗಳನ್ನು ಕೆಂಪಗೆ ಹುರಿದು ತೆಗೆದಿಡಿ. ಅದೇ ಎಣ್ಣೆಯಲ್ಲಿ ಈರುಳ್ಳಿ, ಶುಂಠಿ, ಬೆಳ್ಳುಳ್ಳಿ ಬಾಡಿಸಿ. ಹುರಿದ ಕೊತ್ತಂಬರಿ ಬೀಜ, ಒಣಮೆಣಸಿನಕಾಯಿ, ಚಕ್ಕೆ, ಲವಂಗ, ಗಸಗಸೆ, ಕಾಯಿ ರುಬ್ಬಿ ಸೇರಿಸಿ. ಕಾಲುಗಳನ್ನು ಮತ್ತೆ ಹಾಕಿ, ಅರ್ಧ ಮುಳುಗುವಷ್ಟು ನೀರು ಬಿಟ್ಟು, ಮುಚ್ಚಿ, ಸಣ್ಣ ಉರಿಯಲ್ಲಿ ಎರಡು ಗಂಟೆ ಬಿಡಿ. ಮಾಂಸ ಮೂಳೆಯಿಂದ ತಾನಾಗಿ ಕಳಚುತ್ತದೆ. ಕಾಲಿನಲ್ಲಿ ಕಡ್ಡಿಯಂತೆ ಗಟ್ಟಿಯಾದ ನರಗಳಿರುತ್ತವೆ, ಬಡಿಸುವ ಮುಂಚೆ ಎಳೆದು ಹಾಕಿ. ಮುದ್ದೆ ಜೊತೆ ಇದಕ್ಕೆ ಸಾಟಿ ಇಲ್ಲ.

ಎಣ್ಣೆಯಲ್ಲಿ ಕರಿಯುವವರಿಗೆ

ಲೂಯಿಸಿಯಾನಾ ಕಡೆಯವರು ಇಡೀ ಟರ್ಕಿಯನ್ನೇ ಕಡಲೆಕಾಯಿ ಎಣ್ಣೆಯಲ್ಲಿ ಕರಿಯುತ್ತಾರೆ. 175 ಡಿಗ್ರಿ ಎಣ್ಣೆಯಲ್ಲಿ ಅರ್ಧ ಕೆಜಿಗೆ ಮೂರು-ನಾಲ್ಕು ನಿಮಿಷ. ರುಚಿಗೆ ಎರಡು ಮಾತಿಲ್ಲ. ಆದರೆ ಒಳಗೆ ಚೂರು ಮಂಜುಗಡ್ಡೆ ಉಳಿದಿದ್ದರೂ ಎಣ್ಣೆ ಉಕ್ಕಿ ಬೆಂಕಿ ಹತ್ತುತ್ತದೆ. ಮನೆಯಿಂದ, ಮರದ ಡೆಕ್‌ನಿಂದ ದೂರ, ಬಯಲಲ್ಲೇ ಮಾಡಬೇಕು. ಮೊದಲೇ ಪಾತ್ರೆಯಲ್ಲಿ ನೀರು ಹಾಕಿ, ಹಕ್ಕಿ ಮುಳುಗಿಸಿ ಎಷ್ಟು ಎಣ್ಣೆ ಬೇಕೆಂದು ಅಳೆಯಿರಿ. ಆಮೇಲೆ ಪಾತ್ರೆ, ಹಕ್ಕಿ ಎರಡನ್ನೂ ಪೂರ್ತಿ ಒರೆಸಿ. ಇಳಿಸುವಾಗ ಉರಿ ಆರಿಸಿ. ನಾನಂತೂ ಇದನ್ನು ಬೇರೆಯವರ ಹಿತ್ತಲಲ್ಲಿ ತಿನ್ನುವವಳು.

ಉಳಿದದ್ದನ್ನು ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ, ಮೂರು-ನಾಲ್ಕು ದಿನದಲ್ಲಿ ಮುಗಿಸಿ. ತೆಗೆದಿಟ್ಟ ಬೆನ್ನೆಲುಬನ್ನು ಕಾಳುಮೆಣಸು, ಈರುಳ್ಳಿ ಜೊತೆ ಮೂರು ಗಂಟೆ ಕುದಿಸಿ ಸೋಸಿ. ಶುಕ್ರವಾರದ ಬಿರಿಯಾನಿಗೆ ಆ ನೀರಲ್ಲೇ ಅಕ್ಕಿ ಬೇಯಿಸಿ.