ಲಕ್ಷದ್ವೀಪಕ್ಕೆ ಹೊರಡುವ ಮುನ್ನ: ನಾವು ಪರ್ಮಿಟ್‌ನಿಂದ ಶುರು ಮಾಡಿದೆವು

ಮಾಲ್ಡೀವ್ಸ್‌ಗೆ ಹೋಗುವ ಭಾರತೀಯರಿಗೆ ಮೊದಲೇ ವೀಸಾ ಮಾಡಿಸುವ ತಲೆನೋವಿಲ್ಲ. ಪಾಸ್‌ಪೋರ್ಟ್, ವಾಪಸ್ ಟಿಕೆಟ್, ಉಳಿಯುವ ಜಾಗದ ಬುಕಿಂಗ್ ಇದ್ದರೆ ಅಲ್ಲಿ ಇಳಿದ ಮೇಲೆ ಪುಕ್ಕಟೆ ವೀಸಾ ಸಿಗುತ್ತದೆ. ಅದರ ಉತ್ತರಕ್ಕೇ ಇರುವ, ನಮ್ಮದೇ ದೇಶದ ಲಕ್ಷದ್ವೀಪಕ್ಕೆ ಹೋಗಬೇಕೆಂದರೆ ಮಾತ್ರ ಎಂಟ್ರಿ ಪರ್ಮಿಟ್ ಬೇಕು. "ನಮ್ಮ ದೇಶದೊಳಗೆ ಓಡಾಡೋಕೆ ನಮಗ್ಯಾಕೆ ಅಪ್ಪಣೆ?" ಅಂತ ನನ್ನ ಭಾವ ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಉತ್ತರ ಗೊತ್ತಾದ ಮೇಲೆ ನಮ್ಮ ಪ್ರವಾಸದ ಲೆಕ್ಕಾಚಾರವೇ ಬೇರೆಯಾಯಿತು.

ಈ ನಿಯಮ ಬಂದದ್ದು 1967ರಲ್ಲಿ. ದ್ವೀಪದ ಮೂಲನಿವಾಸಿಗಳಲ್ಲದವರು ಒಳಗೆ ಹೋಗಲು, ಅಲ್ಲಿ ಉಳಿಯಲು ಆಡಳಿತದ ಪರವಾನಗಿ ಪಡೆಯಬೇಕು. ಇಡೀ ಲಕ್ಷದ್ವೀಪದ ನೆಲವನ್ನೆಲ್ಲ ಒಟ್ಟು ಸೇರಿಸಿದರೂ ಸುಮಾರು 32 ಚದರ ಕಿಲೋಮೀಟರ್. ಜನ ವಾಸ ಇರುವುದು ಹತ್ತು ದ್ವೀಪಗಳಲ್ಲಿ ಮಾತ್ರ. 2011ರ ಜನಗಣತಿಯಲ್ಲಿ ಅಲ್ಲಿದ್ದವರು 64 ಸಾವಿರ ಚಿಲ್ಲರೆ, ಹೆಚ್ಚುಕಡಿಮೆ ಎಲ್ಲರೂ ಪರಿಶಿಷ್ಟ ಪಂಗಡದವರು. ನದಿ ಇಲ್ಲ, ಕೆರೆಯೂ ಇಲ್ಲ. ಮಳೆ ನೀರು ಹವಳದ ಮರಳಿನಲ್ಲಿ ಇಂಗಿ, ಕೆಳಗಿನ ಉಪ್ಪು ನೀರಿನ ಮೇಲೆ ತೆಳುವಾದ ಸಿಹಿನೀರಿನ ಪದರವಾಗಿ ನಿಲ್ಲುತ್ತದೆ. ಬಾವಿಯಿಂದ ಜಾಸ್ತಿ ಎಳೆದರೆ ಕೆಳಗಿನ ಉಪ್ಪು ಮೇಲೆ ಬರುತ್ತದೆ. ಕವರತ್ತಿ ದ್ವೀಪದಲ್ಲಿ 2005ರಿಂದ ಸಮುದ್ರದ ನೀರನ್ನೇ ಸಿಹಿ ಮಾಡುವ ಘಟಕ ನಡೆಸುತ್ತಿರುವುದೂ ಈ ಕಷ್ಟಕ್ಕಾಗಿಯೇ. ಇಷ್ಟು ಚಿಕ್ಕ ಜಾಗಕ್ಕೆ ವಾರಾಂತ್ಯಕ್ಕೆ ಗೋವಾಕ್ಕೆ ನುಗ್ಗಿದ ಹಾಗೆ ಜನ ನುಗ್ಗಿದರೆ ಏನಾದೀತು? ಭಾವ ಆಮೇಲೆ ಆ ಪ್ರಶ್ನೆ ಎತ್ತಲಿಲ್ಲ.

ಸಾಮಾನ್ಯವಾಗಿ ನಾವು ಪ್ರವಾಸ ಹೊರಡುವುದು ಹೇಗೆ? ಮೊದಲು ರಜೆ, ಆಮೇಲೆ ಅಗ್ಗದ ಟಿಕೆಟ್, ಕೊನೆಗೆ ರೂಮು. ಇಲ್ಲಿ ಈ ಕ್ರಮ ನಡೆಯುವುದಿಲ್ಲ. ಪರ್ಮಿಟ್‌ನಲ್ಲಿ ದ್ವೀಪದ ಹೆಸರು, ತಾರೀಕು ಎರಡೂ ಇರುತ್ತದೆ. ಅಗತ್ತಿಗೆ ಪರ್ಮಿಟ್ ಇದೆ ಅಂತ ಪಕ್ಕದ ದ್ವೀಪಕ್ಕೆ ಸುಮ್ನೆ ಒಂದು ದೋಣಿ ಹತ್ತಿ ಹೋಗುವ ಹಾಗಿಲ್ಲ. ಹಾಗಾಗಿ ಯಾವ ದ್ವೀಪ ಅನ್ನುವುದೇ ಮೊದಲ ತೀರ್ಮಾನ. ಆ ತೀರ್ಮಾನಕ್ಕೇ ನಾವು ಜಾಸ್ತಿ ಸಮಯ ಕೊಟ್ಟೆವು.

ಪ್ರವಾಸಿಗರು ಸಾಮಾನ್ಯವಾಗಿ ಹೋಗುವುದು ಅಗತ್ತಿ, ಬಂಗಾರಂ, ಕಡಮತ್, ಕವರತ್ತಿ, ಕಲ್ಪೇನಿ, ಮಿನಿಕಾಯ್ ದ್ವೀಪಗಳಿಗೆ. ಅಗತ್ತಿಯಲ್ಲಿ ವಿಮಾನ ನಿಲ್ದಾಣವಿದೆ, ಅದೇ ಅದರ ಅನುಕೂಲ. ಬಂಗಾರಂನಲ್ಲಿ ಊರು ಇಲ್ಲ, ರೆಸಾರ್ಟ್ ಮಾತ್ರ, ಖರ್ಚೂ ಹಾಗೇ. ಕವರತ್ತಿ ರಾಜಧಾನಿ, ಸರ್ಕಾರಿ ಕಚೇರಿಗಳ ಊರು. ಮಿನಿಕಾಯ್ ಎಲ್ಲಕ್ಕಿಂತ ದಕ್ಷಿಣದಲ್ಲಿದೆ. ಅಲ್ಲಿನ ಮಾತು ಮಹಲ್, ಊಟ ಉಡುಪು ಎಲ್ಲ ಮಾಲ್ಡೀವ್ಸ್ ಕಡೆಯದು. 1885ರ ಲೈಟ್‌ಹೌಸ್ ಈಗಲೂ ನಿಂತಿದೆ. ನನಗೆ ಮಿನಿಕಾಯ್ ಆಸೆ ಬಹಳ ಇತ್ತು. ಆದರೆ ಜೊತೆಯಲ್ಲಿ ಅತ್ತೆಯವರಿದ್ದರು. ಅಷ್ಟು ದೂರದ ಹಡಗು ಪ್ರಯಾಣ ಅವರಿಗೆ ಬೇಡ ಅನ್ನಿಸಿತು. ಕೊನೆಗೆ ಕಡಮತ್ ಮತ್ತು ಅಗತ್ತಿ ಅಂತ ಬರೆದುಕೊಂಡೆವು. ಹೋಗುವಾಗ ಹಡಗು, ಬರುವಾಗ ವಿಮಾನ.

ಕಡಮತ್ ಆರಿಸಿದ್ದಕ್ಕೆ ಇನ್ನೊಂದು ಕಾರಣವೂ ಇದೆ. ಕಡಮತ್, ಅಮಿನಿ, ಕಿಲ್ತಾನ್, ಚೆತ್ಲಾತ್, ಬಿತ್ರಾ ಸೇರಿದ ಅಮಿನ್‌ದಿವಿ ಗುಂಪು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿತ್ತು. ದ್ವೀಪದವರು ತೆಂಗಿನ ನಾರು ತುಂಬಿಕೊಂಡು ಮಂಗಳೂರು ಬಂದರಿಗೆ ಬಂದು, ಅಕ್ಕಿ ಕೊಂಡು ಹೋಗುತ್ತಿದ್ದರು. ನಾವು ಕಡಮತ್‌ನಲ್ಲಿ ಒಂದು ಅಂಗಡಿ ಕಟ್ಟೆಯ ಮೇಲೆ ಕನ್ನಡದಲ್ಲಿ ಮಾತಾಡುತ್ತಾ ಕೂತಿದ್ದಾಗ ಒಬ್ಬ ಅಜ್ಜ ಬಂದು "ಮಂಗಳೂರಾ?" ಅಂತ ಕೇಳಿದರು. ನಾವು ಮಂಗಳೂರಿನವರಲ್ಲ. ಆದರೂ ಹೌದು ಅಂದುಬಿಟ್ಟೆವು, ಅವರ ಮುಖ ಅಷ್ಟು ಅರಳಿತ್ತು.

ಹೋಗುವ ದಾರಿ ಎರಡು. ಒಂದು, ಸರ್ಕಾರದ ಪ್ರವಾಸೋದ್ಯಮ ಸಂಸ್ಥೆಯಾದ ಸ್ಪೋರ್ಟ್ಸ್‌ನ ಪ್ಯಾಕೇಜ್. ಅದರಲ್ಲಿ 'ಸಮುದ್ರಂ' ಅನ್ನುವುದು ಪ್ರಸಿದ್ಧ. ರಾತ್ರಿ ಹಡಗಿನಲ್ಲೇ ಮಲಗುವುದು, ಹಗಲು ದ್ವೀಪಕ್ಕೆ ಇಳಿಯುವುದು. ಪರ್ಮಿಟ್ ಓಡಾಟವೂ ಅದರೊಳಗೇ ಬರುತ್ತದೆ. ವಯಸ್ಸಾದವರ ಜೊತೆ ಮೊದಲ ಸಲ ಹೋಗುವವರಿಗೆ ನಾನು ಇದನ್ನೇ ಹೇಳುತ್ತೇನೆ. ಎರಡನೆಯದು, ಅಲ್ಲಿನ ಹೋಂಸ್ಟೇಯವರು ಅಥವಾ ಏಜೆಂಟರ ಮೂಲಕ ಹೋಗುವುದು. ನಮಗೆ ಒಂದೊಂದು ದ್ವೀಪದಲ್ಲೂ ನಿಧಾನವಾಗಿ ಇರಬೇಕಿತ್ತು. ಅದಕ್ಕೆ ಈ ದಾರಿ ಹಿಡಿದೆವು.

ಮೊದಲು ಸಿಕ್ಕ ಏಜೆಂಟ್, "ಸಾರ್, ವಿಮಾನದ ಟಿಕೆಟ್ ಇವತ್ತೇ ಹಾಕಿಬಿಡಿ, ಪರ್ಮಿಟ್ ನಂಗೆ ಬಿಡಿ" ಅಂದ. ಅರ್ಜಿ ಯಾವಾಗ ಹಾಕುತ್ತೀರಿ, ನಮ್ಮ ಹೊಣೆ ಹೊರುವ ಸ್ಪಾನ್ಸರ್ ಯಾರು, ಅರ್ಜಿ ಸಂಖ್ಯೆ ನಮಗೆ ಕೊಡುತ್ತೀರಾ ಅಂತ ಕೇಳಿದೆ. ಎಲ್ಲಕ್ಕೂ "ಆಗುತ್ತೆ ಸಾರ್" ಅನ್ನುವುದೊಂದೇ ಉತ್ತರ. ಅವನನ್ನು ಬಿಟ್ಟೆವು. ಕಡಮತ್‌ನ ಹೋಂಸ್ಟೇಯವರೊಬ್ಬರು ಫೋನಿನಲ್ಲಿ ನಾವು ಕೇಳುವ ಮೊದಲೇ ಯಾವ ಕಾಗದ ಬೇಕು, ಎಷ್ಟು ಸಮಯ ಹಿಡಿಯಬಹುದು, ಹಡಗಿನ ಪಟ್ಟಿ ಯಾವಾಗ ಬರುತ್ತದೆ ಅಂತೆಲ್ಲ ಹೇಳಿದರು. ಪರ್ಮಿಟ್ ಬಗ್ಗೆ ನೇರವಾಗಿ ಉತ್ತರ ಕೊಡದವರ ಹತ್ತಿರ ಮುಂಗಡ ಕೊಡಬೇಡಿ, ಅಷ್ಟೇ.

ಕಾಗದದ ಪೈಕಿ ನಿಧಾನವಾಗುವುದು ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್. ನಾವು ಸೇವಾ ಸಿಂಧು ಮೂಲಕ ಅರ್ಜಿ ಹಾಕಿದೆವು. ಠಾಣೆಯಿಂದ ವಿಚಾರಣೆಗೆ ಬಂದ ಪೇದೆ, "ಫಾರಿನ್‌ಗಾ?" ಅಂದರು. ಲಕ್ಷದ್ವೀಪಕ್ಕೆ ಅಂದೆ. "ಅದಕ್ಕೂ ಬೇಕಾ?" ಅಂತ ಅವರೇ ನಕ್ಕರು. ಸರ್ಟಿಫಿಕೇಟ್ ಕೈಗೆ ಬರುವ ತನಕ ನಾವು ಬೇರೆ ಯಾವುದಕ್ಕೂ ದುಡ್ಡು ಕಟ್ಟಲಿಲ್ಲ.

ಇನ್ನೊಂದು ಸಣ್ಣ ವಿಷಯ, ಕನ್ನಡದವರಿಗೆ ತೀರಾ ಹತ್ತಿರದ್ದು: ಇನಿಷಿಯಲ್. ನನ್ನ ಹೆಂಡತಿಯ ಆಧಾರ್‌ನಲ್ಲಿ ಇನಿಷಿಯಲ್ ಹೆಸರಿನ ಕೊನೆಗಿದೆ, ಮತದಾರರ ಚೀಟಿಯಲ್ಲಿ ಮುಂದಿದೆ, ಬ್ಯಾಂಕಿನಲ್ಲಿ ಅದೇ ಇನಿಷಿಯಲ್ ಬಿಡಿಸಿ ಅಪ್ಪನ ಪೂರ್ತಿ ಹೆಸರಾಗಿದೆ. ಪರ್ಮಿಟ್, ಹಡಗಿನ ಟಿಕೆಟ್, ವಿಮಾನದ ಟಿಕೆಟ್ ಮೂರನ್ನೂ ತಪಾಸಣೆಯಲ್ಲಿ ಒಟ್ಟಿಗೆ ನೋಡುತ್ತಾರೆ. ಆದ್ದರಿಂದ ಮನೆಯವರೆಲ್ಲರ ಆಧಾರ್ ಮುಂದಿಟ್ಟುಕೊಂಡು, ಅದರಲ್ಲಿ ಇದ್ದ ಹಾಗೇ ಅಕ್ಷರ ಅಕ್ಷರ ನೋಡಿ ತುಂಬಿಸಿದೆ. ಅತ್ತೆಯವರಂತೂ ತಮ್ಮ ಹೆಸರಿನ ಕೊನೆಗೆ 'ಅಮ್ಮ' ಯಾಕೆ ಸೇರಿದೆ ಅಂತ ಆಧಾರ್ ಮಾಡಿದವರನ್ನು ಇನ್ನೊಮ್ಮೆ ಬೈದರು.

ತಾರೀಕು ಹಾಕುವಾಗ ಹಿಂದೆ ಮುಂದೆ ಸ್ವಲ್ಪ ಜಾಗ ಬಿಟ್ಟೆವು. ಹಡಗು ರೈಲಿನ ಹಾಗಲ್ಲ. ಗಾಳಿ ಎದ್ದರೆ ಹೊರಡುವ ದಿನವೇ ಬದಲಾಗಬಹುದು. ಮಳೆಗಾಲದಲ್ಲಿ, ಅಂದರೆ ಮೇ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ, ಪ್ರವಾಸದ ಮಾತೇ ಬೇಡ. ಆಮೇಲೂ ಪೂರ್ತಿ ನಿಶ್ಚಿಂತೆ ಅಂತೇನಿಲ್ಲ. 2017ರ ಒಖಿ ಚಂಡಮಾರುತ ಲಕ್ಷದ್ವೀಪಕ್ಕೆ ಬಡಿದದ್ದು ಡಿಸೆಂಬರ್ ಶುರುವಿನಲ್ಲಿ. 2021ರ ತೌಕ್ತೆ ಬಂದದ್ದು ಮೇ ತಿಂಗಳಲ್ಲಿ. ನಾವು ಫೆಬ್ರವರಿ ಆರಿಸಿಕೊಂಡೆವು. ಸಮುದ್ರ ಶಾಂತವಾಗಿತ್ತು, ಬಿಸಿಲೂ ತಡೆಯುವಷ್ಟಿತ್ತು.

ಹಡಗು ಹೊರಡುವುದು ಕೊಚ್ಚಿಯ ವಿಲ್ಲಿಂಗ್ಡನ್ ದ್ವೀಪದಿಂದ. ಯಾವ ದ್ವೀಪ, ಯಾವ ಹಡಗು ಅನ್ನುವುದರ ಮೇಲೆ 14ರಿಂದ 20 ಗಂಟೆ ಹಿಡಿಯುತ್ತದೆ. ಊಟ ಮಾಡಿ, ಅವೊಮಿನ್ ನುಂಗಿ ಮಲಗಿದವರೇ ಜಾಣರು. ತಲೆ ಸುತ್ತಲು ಶುರುವಾದ ಮೇಲೆ ಮಾತ್ರೆ ನುಂಗಿದರೆ ಅದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ.

ಯಾರೂ ಮೊದಲೇ ಹೇಳದ ಸಂಗತಿ ಬೆಳಗ್ಗೆ ಕಾದಿತ್ತು. ದೊಡ್ಡ ಹಡಗು ಹವಳದ ದಿಬ್ಬ ದಾಟಿ ಒಳಗೆ ಹೋಗುವುದಿಲ್ಲ, ಆಳದಲ್ಲೇ ನಿಲ್ಲುತ್ತದೆ. ಹಡಗಿನ ಪಕ್ಕೆಯಲ್ಲಿ ಒಂದು ಬಾಗಿಲು ತೆಗೆಯುತ್ತಾರೆ. ಕೆಳಗೆ ಚಿಕ್ಕ ಬೋಟ್ ಬಂದು ಅಂಟಿಕೊಳ್ಳುತ್ತದೆ. ಅಂಟಿಕೊಳ್ಳುತ್ತದೆ ಅನ್ನುವುದು ಹೆಸರಿಗೆ. ಅಲೆ ಬಂದಾಗ ಬೋಟ್ ಬಾಗಿಲಿನ ಮಟ್ಟಕ್ಕೆ ಏರುತ್ತದೆ, ಮರುಕ್ಷಣ ಆಳುದ್ದ ಕೆಳಗೆ ಹೋಗುತ್ತದೆ. ಬಾಗಿಲಲ್ಲಿ ಇಬ್ಬರು ನಿಂತು ನಮ್ಮ ರಟ್ಟೆ ಹಿಡಿದಿರುತ್ತಾರೆ, ಬೋಟಿನಲ್ಲಿ ಇನ್ನಿಬ್ಬರು ಕೈ ಚಾಚಿರುತ್ತಾರೆ. ಬೋಟ್ ಏರುತ್ತಿದ್ದಂತೆ ಇವರು ಬಿಡುತ್ತಾರೆ, ಅವರು ಹಿಡಿಯುತ್ತಾರೆ. ನಾವು ಮಾಡಬೇಕಾದ್ದು ಇಷ್ಟೇ: ಯೋಚನೆ ಮಾಡಬಾರದು. ಅತ್ತೆಯವರು ಸೀರೆಯ ನೆರಿಗೆ ಸೊಂಟಕ್ಕೆ ಸಿಕ್ಕಿಸಿಕೊಂಡು ನನಗಿಂತ ಚೆನ್ನಾಗಿ ದಾಟಿದರು. ಮಂಡಿ ನೋವಿರುವವರು, ಕೈಮಗು ಇರುವವರು ಇದನ್ನು ತಿಳಿದೇ ಹಡಗೋ ವಿಮಾನವೋ ಅಂತ ತೀರ್ಮಾನಿಸಬೇಕು. ಚಕ್ರದ ಸೂಟ್‌ಕೇಸ್ ಬೇಡ. ಹೆಗಲಿಗೆ ಹಾಕುವ ಬ್ಯಾಗೇ ಸರಿ, ಎರಡೂ ಕೈ ಖಾಲಿ ಇರಬೇಕು.

ಇಳಿದ ಮೇಲೆ ಮೊದಲ ಕೆಲಸ ಪೊಲೀಸ್ ಠಾಣೆ. ಪರ್ಮಿಟ್ ಪ್ರತಿ ಅಲ್ಲಿ ಕೊಡಬೇಕು. ದಪ್ಪ ರಿಜಿಸ್ಟರಿನಲ್ಲಿ ನಮ್ಮ ಹೆಸರು ಬರೆದುಕೊಂಡರು. ಎರಡು ದ್ವೀಪ ಅಂದರೆ ಎರಡು ಕಡೆಯೂ ಇದೇ ಕೆಲಸ. ಹಾಗಾಗಿ ಜೆರಾಕ್ಸ್ ಪ್ರತಿಗಳು ಧಾರಾಳವಾಗಿ ಇರಲಿ. 2024ರ ಜನವರಿಯಲ್ಲಿ ಕೊಚ್ಚಿಯಿಂದ ಸಮುದ್ರದಡಿಯ ಕೇಬಲ್ ಉದ್ಘಾಟನೆಯಾದ ಮೇಲೆ ಇಂಟರ್ನೆಟ್ ಸುಧಾರಿಸಿದೆ. ಆದರೂ ಠಾಣೆಯ ಮುಂದೆ ನಿಂತು ಫೋನಿನಲ್ಲಿ ಪಿಡಿಎಫ್ ತೆರೆಯಲಿ ಅಂತ ಕಾಯುವುದು ಯಾಕೆ? ನೋಟುಗಳನ್ನೂ ಕೊಚ್ಚಿಯಲ್ಲೇ ತೆಗೆದಿಟ್ಟುಕೊಳ್ಳಿ.

ಕುಡಿತಕ್ಕೆ ಅವಕಾಶ ಇದ್ದದ್ದು ಬಂಗಾರಂನಲ್ಲಿ ಮಾತ್ರ. ಉಳಿದ ಕಡೆ ಪಾನನಿಷೇಧ. ಬ್ಯಾಗಿನಲ್ಲಿ ಬಾಟಲಿ ಬಚ್ಚಿಟ್ಟುಕೊಂಡು ಹೋಗುವ ಜಾಣತನ ಬೇಡ. ಊರು ಇರುವ ದ್ವೀಪಗಳಲ್ಲಿ ಜನ ಬಹುತೇಕ ಮುಸ್ಲಿಮರು, ಸಂಪ್ರದಾಯಸ್ಥರು. ಬಿಕಿನಿ, ಬರಿ ಮೈ ಎಲ್ಲ ಮನೆಗಳ ಮುಂದಿನ ದಂಡೆಯಲ್ಲಿ ಸರಿಯಲ್ಲ. ನನ್ನ ಮಗಳು ಉದ್ದ ತೋಳಿನ ಈಜುಡುಗೆ ಹಾಕಿದ್ದಳು. ಬಿಸಿಲಿಗೂ ಅದೇ ಒಳ್ಳೆಯದು. ಡ್ರೋನ್ ಹಾರಿಸಲು ಬೇರೆಯೇ ಅನುಮತಿ ಬೇಕು, ನಾವು ಮನೆಯಲ್ಲೇ ಬಿಟ್ಟು ಹೋದೆವು.

ಸ್ಕೂಬಾ ಇದ್ದರೆ ವಾಪಸ್ ವಿಮಾನದ ಲೆಕ್ಕ ಅಲ್ಲೂ ಬರುತ್ತದೆ. ನೀರಿನ ಒತ್ತಡದಲ್ಲಿ ಉಸಿರಾಡಿದಾಗ ರಕ್ತದಲ್ಲಿ ನೈಟ್ರೋಜನ್ ಕರಗಿರುತ್ತದೆ. ಅದು ನಿಧಾನವಾಗಿ ಹೊರಹೋಗುವ ಮೊದಲೇ ಮೇಲೆ ಹಾರಿದರೆ ಗುಳ್ಳೆಗಳಾಗಿ ಅಪಾಯ. ಒಂದಕ್ಕಿಂತ ಹೆಚ್ಚು ಸಲ ಮುಳುಗಿದ್ದರೆ ವಿಮಾನ ಹತ್ತುವ ಮೊದಲು ಕಡೇಪಕ್ಷ 18 ಗಂಟೆ ಬಿಡಬೇಕು. ಅದಕ್ಕೇ ಡೈವಿಂಗ್ ಎಲ್ಲ ಕಡಮತ್‌ನಲ್ಲೇ ಮುಗಿಸಿ, ಅಗತ್ತಿಯಲ್ಲಿ ಬರೀ ಸ್ನಾರ್ಕಲಿಂಗ್, ಅಂದರೆ ನೀರಿನ ಮೇಲೆ ತೇಲುತ್ತಾ ಕೆಳಗೆ ನೋಡುವುದು, ಮಾಡಿದೆವು. ಸೊಂಟ ಮಟ್ಟದ ನೀರಿನಲ್ಲೇ ಆಮೆ ಕಂಡಿತು. ತಳದ ಸಮುದ್ರಹುಲ್ಲನ್ನು ದನದ ಹಾಗೆ ಮೇಯುತ್ತಿತ್ತು, ನಮ್ಮ ಕಡೆ ತಿರುಗಿಯೂ ನೋಡಲಿಲ್ಲ.

ಹವಳದ ತುಂಡು ಎತ್ತಿಕೊಳ್ಳುವ ಹಾಗಿಲ್ಲ, ದಂಡೆಯಲ್ಲಿ ಸತ್ತು ಬಿದ್ದಿರುವುದನ್ನೂ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹವಳಕ್ಕೂ, ಸಮುದ್ರಸೌತೆ ಅನ್ನುವ ಜೀವಿಗೂ, ಕೆಲವು ಜಾತಿಯ ಚಿಪ್ಪುಗಳಿಗೂ ಅನ್ವಯಿಸುತ್ತದೆ. ಯಾವ ಚಿಪ್ಪು ಸರಿ, ಯಾವುದು ತಪ್ಪು ಅಂತ ನಮಗೇನು ಗೊತ್ತು? ಹೊರಡುವ ಹಿಂದಿನ ರಾತ್ರಿ ಮಗಳ ಬ್ಯಾಗ್ ಕೊಡವಿ ಎಲ್ಲವನ್ನೂ ದಂಡೆಗೇ ಹಾಕಿಸಿದೆ. ಅವಳು ಮುಖ ಊದಿಸಿಕೊಂಡಳು. ಅಗತ್ತಿಯ ರನ್‌ವೇ ಸುಮಾರು 1,200 ಮೀಟರ್ ಅಷ್ಟೇ, ಬರುವುದು ಎಟಿಆರ್ ವಿಮಾನ. ಎರಡೂ ಕಡೆ ನೀರು ನೋಡಿದ ಮೇಲೆ ಮುನಿಸು ಇಳಿಯಿತು.

ಈಗ ನನ್ನ ಚಿಕ್ಕಪ್ಪನ ಮಗ ಅಮೆರಿಕದಿಂದ ಕುಟುಂಬ ಸಮೇತ ಬರುತ್ತಿದ್ದಾನೆ. ಅವನಿಗೂ ಲಕ್ಷದ್ವೀಪ ನೋಡಬೇಕಂತೆ. ಅವನದು ಭಾರತದ ಪಾಸ್‌ಪೋರ್ಟ್, ಮಕ್ಕಳದು ಅಮೆರಿಕದ್ದು. ವಿದೇಶಿಯರಿಗೆ ಅಗತ್ತಿ, ಬಂಗಾರಂ, ಕಡಮತ್ ಮಾತ್ರ ತೆರೆದಿರುವ ದ್ವೀಪಗಳು. ಮಕ್ಕಳಿಗೆ ಒಸಿಐ ಕಾರ್ಡ್ (ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಕಾರ್ಡ್) ಇದೆ ಅಂತ ಭಾರತೀಯರ ಸಾಲಿಗೆ ಸೇರಿಸಿ ಅರ್ಜಿ ಹಾಕಬೇಡ, ಮೊದಲು ಆಡಳಿತದ ಕಚೇರಿಗೆ ಬರೆದು ಕೇಳು ಅಂದಿದ್ದೇನೆ. ಅವನು ಕಳಿಸಿದ ಪಟ್ಟಿಯಲ್ಲಿ ಮೊದಲ ಹೆಸರು ಮಿನಿಕಾಯ್ ಇತ್ತು. ಅದನ್ನು ಹೊಡೆದು ಹಾಕಿ, ಕಡಮತ್ ಹೋಂಸ್ಟೇಯವರ ನಂಬರ್ ಕೊಟ್ಟೆ.